ಕ್ಯಾನ್ಸರ್ ಚಿಕಿತ್ಸೆಗೆ ಹೋಗುವ ಮುನ್ನ ಗುಟ್ಕಾ, ಸೇಂದಿ, ಮದ್ಯದ ವಿಷಯವನ್ನು ವೈದ್ಯರಿಗೆ ತಿಳಿಸುವುದು ಹೇಗೆ?

ಆಸ್ಪತ್ರೆಯಲ್ಲಿ ಚಟಗಳ ಬಗ್ಗೆ ಕೇಳಿದಾಗ, ರೋಗಿ ಬಾಯಿ ತೆರೆಯುವ ಮೊದಲೇ ಜೊತೆಗೆ ಬಂದ ಮಗನೋ ಅಳಿಯನೋ ‘ಏನೂ ಇಲ್ಲ ಸರ್’ ಎಂದುಬಿಡುವುದು ನಮ್ಮ ಭಾಗದಲ್ಲಿ ಸಾಮಾನ್ಯ. ಮರ್ಯಾದೆ ಉಳಿಸಲು ಆಡುವ ಈ ಮಾತು ಚಿಕಿತ್ಸೆಯನ್ನೇ ದಾರಿ ತಪ್ಪಿಸಬಲ್ಲದು. ಆದ್ದರಿಂದ ಹೊರಡುವ ಹಿಂದಿನ ದಿನ ಒಂದು ಹಾಳೆಯಲ್ಲಿ ಏನನ್ನು ಬಳಸುತ್ತಾರೆ, ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಕೊನೆಯ ಬಾರಿ ಯಾವಾಗ ಎಂಬ ನಾಲ್ಕು ಸಂಗತಿಗಳನ್ನು ಬರೆದುಕೊಳ್ಳಿ. ನಿದ್ರೆ ಮಾತ್ರೆ, ನಾಟಿ ಔಷಧ, ಹಲ್ಲಿಗೆ ತಿಕ್ಕುವ ತಂಬಾಕಿನ ಪುಡಿಯನ್ನೂ ಸೇರಿಸಿ. ಹೆಂಗಸರ ವಿಷಯದಲ್ಲಿ ಈ ಪುಡಿಯನ್ನು ಯಾರೂ ಚಟವೆಂದು ಎಣಿಸುವುದೇ ಇಲ್ಲ. ಮನೆಯವರ ಮುಂದೆ ಹೇಳಲು ರೋಗಿಗೆ ಸಂಕೋಚವಾದರೆ ಮನೆಯವರನ್ನು ಸ್ವಲ್ಪ ಹೊತ್ತು ಹೊರಗೆ ಕಳಿಸುವಂತೆ ವೈದ್ಯರನ್ನು ಕೋರಬಹುದು. ‘ಸಾಹೇಬ್ರ, ದಿನಾ ಸಂಜಿಗೆ ಎರಡು ಬಾಟ್ಲಿ ಸೇಂದಿ ಕುಡಿತೀನ್ರಿ, ನಿನ್ನೆನೂ ಕುಡಿದೀನ್ರಿ’ ಎಂದರೆ ಸಾಕು.

ಸೇಂದಿಯ ಬಗ್ಗೆ ಹೆಚ್ಚು ಎಚ್ಚರ ಬೇಕು. ರಾಯಚೂರು ಭಾಗದಲ್ಲಿ ಕದ್ದುಮುಚ್ಚಿ ಮಾರುವ ಸೇಂದಿ ಬಹುತೇಕ ಮರದಿಂದ ಇಳಿಸಿದ್ದಲ್ಲ. ಸಿಎಚ್ ಪೌಡರ್ ಎಂದು ಕರೆಯುವ ಕ್ಲೋರಲ್ ಹೈಡ್ರೇಟ್, ಕೆಲವೊಮ್ಮೆ ಅಲ್ಪ್ರಾಜೋಲಾಮ್ ಅಥವಾ ಡಯಾಜೆಪಾಮ್ ಬೆರೆಸಿದ್ದು. ಇವೆಲ್ಲ ಮಂಪರು ತರುವ ಔಷಧಗಳಾದ್ದರಿಂದ, ವರ್ಷಗಟ್ಟಲೆ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ನಿದ್ರೆಗೆಟ್ಟು, ಕೈಕಾಲು ನಡುಗಿ, ಫಿಟ್ಸ್ ಬರಬಹುದು, ಇಲ್ಲದ್ದು ಕಣ್ಣಿಗೆ ಕಾಣಬಹುದು. ದಿನವೂ ಹೆಚ್ಚು ಮದ್ಯ ಕುಡಿಯುವವರಲ್ಲೂ ಹೀಗೆಯೇ. ನಡುಕ ಸಾಮಾನ್ಯವಾಗಿ ಮೊದಲ 24 ಗಂಟೆಯೊಳಗೆ ಶುರುವಾಗುತ್ತದೆ, ಭ್ರಮೆ ಮತ್ತು ಗಲಿಬಿಲಿ ಎರಡು ಮೂರನೆಯ ದಿನ ಉಲ್ಬಣಿಸುತ್ತವೆ. ಶಸ್ತ್ರಚಿಕಿತ್ಸೆಗೆಂದು ವಾರ್ಡಿಗೆ ಸೇರಿಸಿ ಕುಡಿತದ ವಿಷಯ ಮುಚ್ಚಿಟ್ಟರೆ, ಆಪರೇಷನ್ನಿನ ಮರುದಿನವೇ ಈ ಸ್ಥಿತಿ ಎದುರಾಗಬಹುದು. ಆದ್ದರಿಂದ ಸೇಂದಿ, ಮದ್ಯ ಎರಡನ್ನೂ ಮನೆಯಲ್ಲಿ ಹಠಾತ್ತನೆ ಬಿಡಿಸದೆ, ಬಳ್ಳಾರಿ, ರಾಯಚೂರು, ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗದಲ್ಲಿ ಔಷಧದ ನೆರವಿನಿಂದ ಬಿಡಿಸಬೇಕು.

ಕುಡಿತ ಬಿಡಿಸುತ್ತದೆಂದು ಗುಟ್ಟಾಗಿ ಊಟದಲ್ಲಿ ಬೆರೆಸುವ ಪುಡಿಯನ್ನಂತೂ ಕೊಡಲೇಬೇಡಿ. ಇಂಥ ಪುಡಿಯಲ್ಲಿ ಕುಡಿತ ಬಿಡಿಸುವ ಔಷಧವಾದ ಡೈಸಲ್ಫಿರಾಮ್ ಇದ್ದರೆ, ಒಳಗೆ ಹೋದ ಆಲ್ಕೋಹಾಲ್ ಮೈಗೆ ಒಗ್ಗದೆ ವಾಂತಿ, ಎದೆಬಡಿತ, ರಕ್ತದೊತ್ತಡದ ಕುಸಿತ ಉಂಟಾಗುತ್ತವೆ. ಕೀಮೋದಲ್ಲಿ ಬಳಸುವ ಪ್ಯಾಕ್ಲಿಟ್ಯಾಕ್ಸೆಲ್ ಚುಚ್ಚುಮದ್ದಿನ ದ್ರಾವಣದಲ್ಲಿಯೇ ಆಲ್ಕೋಹಾಲ್ ಇರುವುದು ಸಾಮಾನ್ಯ; ರೋಗಿ ಹನಿ ಮದ್ಯ ಮುಟ್ಟದಿದ್ದರೂ ಅಪಾಯ ತಪ್ಪದು.

ತಂಬಾಕಿನ ಲೆಕ್ಕ ಬೇರೆ. ಅದನ್ನು ಇಂದೇ ನಿಲ್ಲಿಸಬಹುದು. ಸಿಡುಕು, ಚಡಪಡಿಕೆ ಬಂದಾವು, ಆದರೆ ಜೀವಕ್ಕೆ ಅಪಾಯವಿಲ್ಲ. ‘ರೋಗ ಬಂದಾಯಿತು, ಇನ್ನೇನು’ ಎಂಬ ಮಾತು ತಪ್ಪು: ಜನ ‘ಕರೆಂಟ್’ ಎನ್ನುವ ವಿಕಿರಣ ಚಿಕಿತ್ಸೆಯ ನಡುವೆ ಬೀಡಿ ಸೇದಿದರೆ ಅದರ ಫಲ ಕುಗ್ಗುತ್ತದೆ, ಬಾಯಿಯ ಹುಣ್ಣು ಬೇಗ ಮಾಯುವುದಿಲ್ಲ. ಗುಟ್ಕಾ ಬಿಟ್ಟು ಬರೀ ಅಡಿಕೆ ಜಗಿಯುವುದೂ ಪರಿಹಾರವಲ್ಲ, ಅಡಿಕೆಯೂ ಕ್ಯಾನ್ಸರ್‌ಕಾರಕವೇ. ಬಾಯಿಯಲ್ಲಿ ಗಾಯವಿದ್ದವರು ನಿಕೋಟಿನ್ ಗಮ್ ಬದಲು ಚರ್ಮಕ್ಕೆ ಅಂಟಿಸುವ ಪಟ್ಟಿಯ ಬಗ್ಗೆ ವೈದ್ಯರನ್ನು ಕೇಳಲಿ.

ಕೀಮೋದ ವಾಂತಿ ತಡೆಯಲು ಗಾಂಜಾ ಸೇದಿಸುವ ಸಲಹೆಯೂ ಕೇಳಿಬರುತ್ತದೆ. ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಆ ಎಲೆಯಲ್ಲಿನ ಶಿಲೀಂಧ್ರದಿಂದ ಶ್ವಾಸಕೋಶದ ಸೋಂಕು ತಗಲಬಹುದು. ವಾಂತಿಗೆ ಆಂಡಾನ್ಸೆಟ್ರಾನ್‌ನಂಥ ಮಾತ್ರೆಗಳಿವೆ. ನೋವಿಗೆ ಬರೆದುಕೊಟ್ಟ ಮಾರ್ಫಿನ್ ಅನ್ನು ಚಟವಾದೀತೆಂದು ನಿಲ್ಲಿಸಬೇಡಿ; ಆದರೆ ಅದರೊಂದಿಗೆ ಮದ್ಯ, ಸೇಂದಿ ಸೇರಿದರೆ ಉಸಿರೇ ನಿಲ್ಲಬಹುದು.

ತಂಬಾಕು ಬಿಡಲು 1800-11-2356, ಇತರ ಚಟಗಳಿಗೆ 14446 ಉಚಿತ ಸಹಾಯವಾಣಿಗಳು. ಕೀಮೋದ ಹಿಂದಿನ ರಾತ್ರಿ ಕುಡಿದರೆ, ಬೈಗುಳಕ್ಕೆ ಅಂಜಿ ಆ ದಿನದ ಚಿಕಿತ್ಸೆ ತಪ್ಪಿಸದೆ ಹೋಗಿ, ಡ್ರಿಪ್ ಹಚ್ಚುವ ಮೊದಲೇ ನರ್ಸ್‌ಗೆ ಹೇಳಿ. ಆ ದಿನ ಕೊಡಬೇಕೋ ಮುಂದೂಡಬೇಕೋ ಎಂಬುದನ್ನು ವೈದ್ಯರು ತೀರ್ಮಾನಿಸುತ್ತಾರೆ.