ಮಗುವಿನ ಜೊತೆ ಮಹಾನಗರದಲ್ಲಿ: ಹತ್ತುವುದು, ಇಳಿಯುವುದು, ದಾಟುವುದು

ಕೂಸನ್ನು ಮಡಿಲಲ್ಲಿಟ್ಟುಕೊಂಡು ಒಂದೇ ರೈಲಿನಲ್ಲಿ ಒಂದೂವರೆ ಗಂಟೆ ಕೂತು ಹೋಗಿಬಿಡಬಹುದು. ಅದೇ ಕೂಸಿನೊಂದಿಗೆ ನಲವತ್ತು ನಿಮಿಷದ ದಾರಿಯಲ್ಲಿ ಎರಡು ಬಸ್ಸು, ಒಂದು ಮೆಟ್ರೊ ಬದಲಿಸಬೇಕಾದರೆ ತಲುಪುವಷ್ಟರಲ್ಲಿ ಇಬ್ಬರೂ ಸುಸ್ತು. ಚಿಕ್ಕ ಮಕ್ಕಳು ಬೀಳುವುದು, ಸಿಕ್ಕಿಕೊಳ್ಳುವುದು, ಕೈತಪ್ಪಿ ಹೋಗುವುದು ಹೆಚ್ಚಾಗಿ ಹತ್ತುವ, ಇಳಿಯುವ, ದಾಟುವ ಕೆಲವೇ ಕ್ಷಣಗಳಲ್ಲಿ. ದಾರಿ ಹುಡುಕಲು ಮ್ಯಾಪ್ ತೆರೆದಾಗ ಮೊದಲು ಅವನ್ನು ಎಣಿಸಿ.

ದಾರಿ ಮತ್ತು ವೇಳೆ

ಮ್ಯಾಪ್ ತೋರಿಸುವ ಅತಿ ಬೇಗದ ದಾರಿಯನ್ನು ಹಾಗೆಯೇ ಒಪ್ಪಿಕೊಳ್ಳಬೇಡಿ. ಹದಿನೈದು ನಿಮಿಷ ಹೆಚ್ಚಾದರೂ ಒಂದೇ ವಾಹನದಲ್ಲಿ ಮುಗಿಯುವ ದಾರಿ ಮೇಲು. ಮೆಟ್ರೊದಲ್ಲಿ ಹೋಗುವುದಾದರೆ ಹತ್ತುವ ಮತ್ತು ಇಳಿಯುವ ನಿಲ್ದಾಣಗಳಲ್ಲಿ ಲಿಫ್ಟ್ ಯಾವ ದ್ವಾರದ ಬಳಿ ಇದೆ ಎಂಬುದನ್ನು ಮನೆಯಲ್ಲೇ ನೋಡಿಕೊಳ್ಳಿ. ಎಲ್ಲ ದ್ವಾರಗಳಿಗೂ ಲಿಫ್ಟ್ ಇರುವುದಿಲ್ಲ. ತಪ್ಪು ಬದಿಗೆ ಹೊರಬಿದ್ದರೆ ಮಗುವಿನ ಗಾಡಿ (ಸ್ಟ್ರೋಲರ್) ತಳ್ಳಿಕೊಂಡು ದೊಡ್ಡ ರಸ್ತೆ ದಾಟಬೇಕಾಗುತ್ತದೆ. ಲಿಫ್ಟ್ ಕೆಟ್ಟಿದ್ದರೆ ಮುಂದಿನ ನಿಲ್ದಾಣಕ್ಕೆ ಹೋಗಿ ಇಳಿಯುವುದೋ, ಮಗುವನ್ನು ಎತ್ತಿಕೊಂಡು ಗಾಡಿ ಮಡಚುವುದೋ ಎಂಬುದೂ ಆಗಲೇ ತೀರ್ಮಾನವಾಗಿರಲಿ.

ಒಬ್ಬರೇ ಹೋಗಲು ಹಿಡಿಯುವ ಸಮಯಕ್ಕೆ ಅದರ ಅರ್ಧದಷ್ಟು ಸೇರಿಸಿ. ನಡೆಯುವ ಮಗುವಾದರೆ ದುಪ್ಪಟ್ಟು ಇಟ್ಟುಕೊಳ್ಳಿ. ಕೈಯಲ್ಲಿ ಸಮಯವಿದ್ದವರು ಮುಚ್ಚುತ್ತಿರುವ ಬಾಗಿಲಿಗೆ ನುಗ್ಗುವುದಿಲ್ಲ, ಸಿಗ್ನಲ್ ಬದಲಾಗುವ ಮುಂಚೆ ರಸ್ತೆಗಿಳಿಯುವುದಿಲ್ಲ. ಹಾಲು ಕುಡಿಸಿ, ಡೈಪರ್ ಬದಲಿಸಿ, ಆ ಕೂಡಲೇ ಹೊರಡಿ. ಒಂದೆರಡು ಗಂಟೆ ನಿರಾಳ. ಕಚೇರಿಗೆ ಹೋಗುವ ಬರುವ ಹೊತ್ತಿನ ನೂಕುನುಗ್ಗಲನ್ನು, ಅದರಲ್ಲೂ ಮೊದಲ ಎರಡು ಮೂರು ತಿಂಗಳ ಕೂಸಿದ್ದರೆ, ತಪ್ಪಿಸಲೇಬೇಕು. ಆ ವಯಸ್ಸಿನಲ್ಲಿ ಬರುವ ಜ್ವರವನ್ನು ಯಾವ ವೈದ್ಯರೂ ಹಗುರವಾಗಿ ನೋಡುವುದಿಲ್ಲ.

ಎತ್ತಿಕೊಳ್ಳುವುದೋ, ಗಾಡಿಯೋ?

ಮೆಟ್ಟಿಲು, ಜನಜಂಗುಳಿ, ಒಡೆದ ಫುಟ್‌ಪಾತ್ ಇರುವ ದಾರಿಗೆ ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಅಥವಾ ಬಟ್ಟೆಯ ಜೋಲಿ ವಾಸಿ. ಎರಡು ಕೈಯೂ ಬಿಡುವಾಗಿರುತ್ತವೆ. ಉದ್ದದ ಸಮತಟ್ಟು ದಾರಿ, ದಿನವಿಡೀ ಓಡಾಟ, ಹತ್ತು ಕಿಲೊ ದಾಟಿದ ಮಗು ಎಂದಾದರೆ ಗಾಡಿ ಬೇಕು. ಕೆಲವರು ಕೂಸನ್ನು ಕ್ಯಾರಿಯರ್‌ನಲ್ಲಿ ಕಟ್ಟಿಕೊಂಡು ಮಡಚಿದ ಹಗುರ ಗಾಡಿಯನ್ನೂ ಒಯ್ಯುತ್ತಾರೆ. ಒಂದೇ ಕೈಯಲ್ಲಿ ಮಡಚಲು ಬರುವ ಗಾಡಿಯಾದರೆ ಮಾತ್ರ ಇದು ಸರಿಹೋಗುತ್ತದೆ.

ಕ್ಯಾರಿಯರ್ ಕಟ್ಟುವ ಕ್ರಮದಲ್ಲಿ ಸ್ವಲ್ಪವೂ ಉದಾಸೀನ ಸಲ್ಲದು. ಕೂಸಿನ ಶ್ವಾಸನಾಳ ಬಹಳ ಕಿರಿದು, ಮೆತ್ತಗಿನದು. ಗದ್ದ ತನ್ನ ಎದೆಗೇ ಒತ್ತಿದರೆ ಅದು ಮಡಚಿಕೊಳ್ಳುತ್ತದೆ, ಮತ್ತು ಉಸಿರುಗಟ್ಟುವಾಗ ಕೂಸು ಅಳುವುದೂ ಇಲ್ಲ. ಜೋಲಿಯಲ್ಲಿ ಆಗುವ ಅನಾಹುತಗಳಲ್ಲಿ ನಾಲ್ಕು ತಿಂಗಳೊಳಗಿನ ಶಿಶುಗಳಿಗೇ ಅಪಾಯ ಹೆಚ್ಚು. ದಿನ ತುಂಬುವ ಮೊದಲೇ ಹುಟ್ಟಿದ ಅಥವಾ ತೂಕ ಕಡಿಮೆಯಿರುವ ಮಗುವಾದರೆ ವೈದ್ಯರನ್ನು ಕೇಳದೆ ಜೋಲಿಯಲ್ಲಿ ಹಾಕಬೇಡಿ. ಕಟ್ಟಿಕೊಂಡ ಮೇಲೆ ಕನ್ನಡಿಯ ಮುಂದೆ ನಿಂತು ಹೀಗೆ ನೋಡಿಕೊಳ್ಳಿ:

1. ಮಗುವಿನ ಮುಖ ಪೂರ್ತಿ ಕಾಣುತ್ತಿರಬೇಕು. ಬಟ್ಟೆಯಾಗಲಿ ನಿಮ್ಮ ಎದೆಯಾಗಲಿ ಮೂಗು ಬಾಯಿ ಮುಚ್ಚಿರಬಾರದು.
2. ತಲೆ ಬಗ್ಗಿಸಿದರೆ ಮಗುವಿನ ನೆತ್ತಿಗೆ ಮುತ್ತಿಡುವಂತಿರಬೇಕು. ಆಗದಿದ್ದರೆ ಕೂಸು ಬಹಳ ಕೆಳಗಿದೆ ಎಂದೇ ಅರ್ಥ.
3. ಮಗುವಿನ ಗದ್ದಕ್ಕೂ ಅದರ ಎದೆಗೂ ನಡುವೆ ನಿಮ್ಮ ಎರಡು ಬೆರಳು ಹಿಡಿಯಬೇಕು.
4. ಬೆನ್ನಿಗೆ ಅಂಗೈಯಿಟ್ಟು ಮೆಲ್ಲಗೆ ಒತ್ತಿದರೆ ಮಗು ಕುಸಿಯಬಾರದು, ನಿಮ್ಮ ಕಡೆಗೆ ಸರಿಯಬಾರದು. ಸರಿದರೆ ಪಟ್ಟಿ ಸಡಿಲ.
5. ಮೊಣಕಾಲು ಕುಂಡೆಗಿಂತ ತುಸು ಮೇಲಿರಬೇಕು, ಕಪ್ಪೆ ಕುಳಿತಂತೆ. ಕಾಲು ನೇರ ಜೋತುಬಿದ್ದರೆ ಇನ್ನೂ ಗಟ್ಟಿಯಾಗದ ಸೊಂಟದ ಕೀಲಿಗೆ ಒಳ್ಳೆಯದಲ್ಲ.

ಮಗುವಿನ ಮುಖವನ್ನು ಹೊರಗೆ ತಿರುಗಿಸಿ ಕೂರಿಸುವುದು ಕುತ್ತಿಗೆ ಪೂರ್ತಿ ನಿಂತ ಮೇಲೆ. ಆಗಲೂ ನಿದ್ದೆ ಬಂದೊಡನೆ ಒಳಮುಖ ಮಾಡಿ. ಬಗ್ಗುವಾಗ ಸೊಂಟ ಬಗ್ಗಿಸದೆ ಮೊಣಕಾಲು ಮಡಚಿ, ಒಂದು ಕೈ ಮಗುವಿನ ಬೆನ್ನಿಗಿರಲಿ. ಬಿಸಿ ಕಾಫಿ ಚಹಾ ಹಿಡಿದು ಕ್ಯಾರಿಯರ್ ಹಾಕಿಕೊಳ್ಳುವುದು ಬೇಡವೇ ಬೇಡ.

ಗಾಡಿಯ ವಿಷಯದಲ್ಲಿ: ಆರು ತಿಂಗಳೊಳಗಿನ ಕೂಸಿಗೆ ಬೆನ್ನು ಬಹುತೇಕ ಮಲಗುವಷ್ಟು ಬಾಗುವ ಗಾಡಿಯೇ ಆಗಬೇಕು. ಎರಡು ನಿಮಿಷದ ದೂರಕ್ಕೂ ಪಟ್ಟಿಗಳನ್ನು ಹಾಕಿ, ಮುಖ್ಯವಾಗಿ ಕಾಲುಗಳ ನಡುವಿನದನ್ನು. ಅದಿಲ್ಲದಿದ್ದರೆ ಮಗು ಕೆಳಗೆ ಜಾರಿ ಕುತ್ತಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಹಿಡಿಕೆಗೆ ಭಾರದ ಚೀಲ ತೂಗುಹಾಕುವುದು ಎಲ್ಲರೂ ಮಾಡುವ ತಪ್ಪು. ಮಗುವನ್ನು ಎತ್ತಿಕೊಂಡ ಕ್ಷಣ, ಕೆಲವೊಮ್ಮೆ ಮಗು ಕೂತಿರುವಾಗಲೇ, ಗಾಡಿ ಹಿಂದಕ್ಕೆ ಮಗುಚುತ್ತದೆ. ಸಾಮಾನು ಸೀಟಿನ ಕೆಳಗಿನ ಬುಟ್ಟಿಯಲ್ಲಿರಲಿ. ಗಾಡಿ ಬಿಚ್ಚುವಾಗ ಮಡಚುವಾಗ ಮಗು ಒಂದು ಮಾರು ದೂರ ನಿಂತಿರಲಿ. ಕೀಲುಗಳ ಸಂದಿನಲ್ಲಿ ಪುಟ್ಟ ಬೆರಳು ಕತ್ತರಿಸಿಹೋಗಬಹುದು.

ಚೀಲ

ಬೆನ್ನಿಗೆ ಹಾಕುವ ಚೀಲವೇ ಇರಲಿ. ಎರಡು ಗಂಟೆಗೊಂದರಂತೆ ಡೈಪರ್, ಮೇಲೆ ಎರಡು ಹೆಚ್ಚುವರಿ. ಒಂದು ಜೊತೆ ಪೂರ್ತಿ ಬಟ್ಟೆ, ನಿಮಗೊಂದು ಅಂಗಿ, ಒರೆಸುವ ಬಟ್ಟೆ, ಹಾಸಲು ಒಂದು ಮಡಚುವ ಹಾಳೆ, ಗಂಟು ಹಾಕಬಹುದಾದ ಮೂರು ನಾಲ್ಕು ಪ್ಲಾಸ್ಟಿಕ್ ಚೀಲ. ಒಂದು ಡೈಪರ್, ಒಂದು ಹಾಳೆ, ಸ್ವಲ್ಪ ಒರೆಸುವ ಬಟ್ಟೆಯನ್ನು ಪುಟ್ಟ ಪೊಟ್ಟಣವಾಗಿ ಮೇಲ್ಭಾಗದಲ್ಲೇ ಇಡಿ. ಇಕ್ಕಟ್ಟಾದ ಶೌಚಾಲಯಕ್ಕೆ ಅದನ್ನಷ್ಟೇ ತೆಗೆದುಕೊಂಡು ಹೋದರೆ ಸಾಕು.

ಹಾಲಿನ ಲೆಕ್ಕ ಬೇರೆ. ಹಿಂಡಿದ ಎದೆಹಾಲು 25 ಡಿಗ್ರಿ ಸೆಲ್ಸಿಯಸ್‌ವರೆಗಿನ ತಾಪದಲ್ಲಿ 4 ಗಂಟೆ ತಡೆಯುತ್ತದೆ. ಸೆಕೆಯ ದಿನ ಐಸ್ ಪ್ಯಾಕ್ ಇಟ್ಟ ಚೀಲ ಬೇಕು. ಪುಡಿ ಹಾಲನ್ನು ಮನೆಯಲ್ಲೇ ಕಲಸಿ ಒಯ್ಯಬೇಡಿ. ಕಲಸಿದ 2 ಗಂಟೆಯೊಳಗೆ ಕುಡಿಸಬೇಕು, ಮಗು ಬಾಯಿ ಹಾಕಿದ್ದರೆ 1 ಗಂಟೆಯೊಳಗೆ, ಉಳಿದದ್ದನ್ನು ಚೆಲ್ಲಬೇಕು. ಅಳೆದ ಪುಡಿ ಒಂದು ಡಬ್ಬಿಯಲ್ಲಿ, ಕುದಿಸಿದ ನೀರು ಥರ್ಮಾಸ್‌ನಲ್ಲಿ ಪ್ರತ್ಯೇಕವಾಗಿರಲಿ. ಪುಡಿಯಲ್ಲಿರಬಹುದಾದ ಬ್ಯಾಕ್ಟೀರಿಯಾ ಸಾಯಬೇಕಾದರೆ ಕಲಸುವ ನೀರು 70 ಡಿಗ್ರಿಗಿಂತ ಕಡಿಮೆಯಿರಬಾರದು. ಕಲಸಿದ ಮೇಲೆ ಬಾಟಲಿಯನ್ನು ತಣ್ಣೀರಲ್ಲಿ ಹಿಡಿದು ಆರಿಸಿ, ಮಣಿಕಟ್ಟಿನ ಒಳಬದಿಗೆ ಹನಿ ಬಿಟ್ಟು ನೋಡಿ ಕುಡಿಸಿ.

ರಸ್ತೆ ದಾಟುವಾಗ

ಗಾಡಿ ನಿಮಗಿಂತ ಹೆಚ್ಚುಕಡಿಮೆ ಒಂದು ಮೀಟರ್ ಮುಂದಿರುತ್ತದೆ. ನಿಂತ ವಾಹನಗಳ ಮರೆಯಿಂದ ನೀವು ಇಣುಕಿ ನೋಡುವಷ್ಟರಲ್ಲಿ ಮಗು ಆಗಲೇ ರಸ್ತೆಯಲ್ಲಿದೆ! ಆದ್ದರಿಂದ ಮರೆಯಿರುವ ಕಡೆ ದಾಟಲೇಬೇಡಿ. ಅನಿವಾರ್ಯವಾದರೆ ಗಾಡಿಯನ್ನು ರಸ್ತೆಗೆ ಸಮಾನಾಂತರವಾಗಿ ತಿರುಗಿಸಿ ನಿಲ್ಲಿಸಿ, ನೀವು ಮೊದಲು ನೋಡಿ, ಆಮೇಲೆ ತಿರುಗಿಸಿ ಹೊರಡಿ. ಫುಟ್‌ಪಾತ್‌ನಿಂದ ಇಳಿಸುವಾಗ ನೀವು ಮೊದಲು ಇಳಿದು ದೊಡ್ಡ ಹಿಂಬದಿ ಚಕ್ರಗಳನ್ನು ಎಳೆದುಕೊಳ್ಳಿ. ಮುಂದಿನ ಚಕ್ರ ಮೊದಲು ಇಳಿದರೆ ಮಗು ಮುಂದಕ್ಕೆ ವಾಲುತ್ತದೆ.

ಸಿಗ್ನಲ್‌ನಲ್ಲಿ ಕಾಯುವಾಗ ಅಂಚಿನಿಂದ ಎರಡು ಮೂರು ಹೆಜ್ಜೆ ಹಿಂದೆ ನಿಲ್ಲಿ. ಗಾಡಿಯಲ್ಲಿರುವ ಮಗುವಿನ ಮೂಗು ವಾಹನಗಳ ಹೊಗೆಕೊಳವೆಯ ಎತ್ತರಕ್ಕೆ ಹತ್ತಿರವಿರುತ್ತದೆ. ಮುಖ್ಯರಸ್ತೆಗೆ ಸಮಾನಾಂತರವಾಗಿ ಒಳರಸ್ತೆ ಇದ್ದರೆ ಅದನ್ನೇ ಹಿಡಿಯಿರಿ.

ಎಸ್ಕಲೇಟರ್, ಲಿಫ್ಟ್

ಗಾಡಿಯನ್ನು ಎಸ್ಕಲೇಟರ್ ಮೇಲೆ ಏರಿಸಬಾರದು, ಇಬ್ಬರು ಹಿಡಿದುಕೊಂಡರೂ. ಕೊನೆಯಲ್ಲಿ ಚಕ್ರ ಸಿಕ್ಕಿಕೊಂಡರೆ ಹಿಂದಿನವರು ನಿಲ್ಲಲಾರರು, ಮೆಟ್ಟಿಲು ತಳ್ಳುತ್ತಲೇ ಇರುತ್ತದೆ. ನಡೆಯುವ ಮಗುವನ್ನು ಮೆಟ್ಟಿಲಿನ ನಡುವೆ, ಮುಂದಕ್ಕೆ ಮುಖ ಮಾಡಿ ನಿಲ್ಲಿಸಿ ಕೈ ಹಿಡಿಯಿರಿ. ಪಕ್ಕದ ಗೋಡೆಗೂ ಮೆಟ್ಟಿಲಿಗೂ ನಡುವಿನ ಸಂದು ಮೆತ್ತನೆಯ ರಬ್ಬರ್ ಚಪ್ಪಲಿಯನ್ನು ಕಾಲಿನ ಸಮೇತ ಎಳೆದುಕೊಳ್ಳುತ್ತದೆ. ಲೇಸ್ ಬಿಚ್ಚಿದೆಯೇ ನೋಡಿ. ಕೆಂಪು ಸ್ಟಾಪ್ ಬಟನ್ ಸಾಮಾನ್ಯವಾಗಿ ಮೇಲಿನ ಮತ್ತು ಕೆಳಗಿನ ತುದಿಯಲ್ಲಿರುತ್ತದೆ. ಹತ್ತುವ ಮೊದಲೇ ಕಣ್ಣಲ್ಲಿ ಗುರುತಿಸಿಕೊಳ್ಳಿ. ಲಿಫ್ಟ್‌ನಲ್ಲಿ ಮಗುವಿನ ಅಂಗೈ ಬಾಗಿಲಿಗೆ ತಾಗದಿರಲಿ, ಬಾಗಿಲು ಪಕ್ಕಕ್ಕೆ ಸರಿಯುವಾಗ ಬೆರಳನ್ನೂ ಸಂದಿಗೆ ಎಳೆದೊಯ್ಯುತ್ತದೆ.

ರೈಲು, ಬಸ್ಸು

ಪ್ಲಾಟ್‌ಫಾರ್ಮ್ ಕಣ್ಣಿಗೆ ಸಮತಟ್ಟಾಗಿ ಕಂಡರೂ ತುಸು ಇಳಿಜಾರಿರಬಹುದು. ಬ್ರೇಕ್ ಹಾಕದೆ ಬಿಟ್ಟ ಗಾಡಿ ತಾನಾಗಿ ಹಳಿಯ ಕಡೆ ಉರುಳಿರುವ ಪ್ರಸಂಗಗಳು ಎಷ್ಟೋ ಊರುಗಳಲ್ಲಿ ನಡೆದಿವೆ. ಅಂಚಿನಿಂದ ದೂರ, ಹಳಿಗೆ ಸಮಾನಾಂತರವಾಗಿ ನಿಲ್ಲಿಸಿ, ಬ್ರೇಕ್ ಒತ್ತಿ, ಒಂದು ಕೈ ಹಿಡಿಕೆಯ ಮೇಲಿಡಿ. ಫೋನ್ ನೋಡುವುದಿದ್ದರೆ ಗಾಡಿಯ ಹಿಡಿಕೆಗೆ ಕಟ್ಟಿದ ಪಟ್ಟಿಯನ್ನು ಮಣಿಕಟ್ಟಿಗೆ ಹಾಕಿಕೊಂಡ ಮೇಲೆ.

ರೈಲು ಬಂದಾಗ ಇಳಿಯುವವರು ಇಳಿಯಲಿ. ಬಾಗಿಲು ಮುಚ್ಚುವ ಸದ್ದು ಶುರುವಾಗಿದ್ದರೆ ಹತ್ತಬೇಡಿ, ಮುಂದಿನದು ಬರುತ್ತದೆ. ಗಾಡಿಯ ಸಣ್ಣ ಕಂಬಿಯನ್ನು ಬಾಗಿಲಿನ ಸೆನ್ಸರ್ ಗುರುತಿಸದೇ ಇರಬಹುದು. ಮುಂದಿನ ಪುಟ್ಟ ಚಕ್ರಗಳು ತಿರುಗಿಕೊಂಡು ಸಂದಿನಲ್ಲಿ ಇಳಿದುಬಿಡುವುದರಿಂದ ಹಿಡಿಕೆಯನ್ನು ಕೆಳಕ್ಕೊತ್ತಿ ಅವನ್ನು ಎತ್ತಿ ಒಳಗಿಡಿ, ಅಥವಾ ಹಿಂದುಮುಂದಾಗಿ ನಿಂತು ಎಳೆದುಕೊಳ್ಳಿ. ಇಳಿಯುವಾಗ ಯಾವಾಗಲೂ ಹಿಂಬದಿ ಚಕ್ರ ಮೊದಲು. ಇಬ್ಬರು ಮಕ್ಕಳಿದ್ದರೆ ದೊಡ್ಡದರ ಕೈ ನಿಮ್ಮ ಕೈಯೊಂದಿಗೇ ಹಿಡಿಕೆಯ ಮೇಲಿರಲಿ, ಎಲ್ಲರೂ ಒಟ್ಟಿಗೆ ದಾಟಿ.

ಬಸ್ಸಿನಲ್ಲಿ ಗಾಡಿಗೆ ಜಾಗವಿದ್ದರೆ ಮಗುವಿನ ಬೆನ್ನು ಚಾಲಕನ ಕಡೆಗಿರುವಂತೆ ನಿಲ್ಲಿಸಿ ಬ್ರೇಕ್ ಹಾಕಿ. ಬಸ್ಸು ಗಕ್ಕನೆ ನಿಂತರೆ ಮಗು ಸೀಟಿಗೇ ಒರಗುತ್ತದೆ. ಜಾಗವಿಲ್ಲದಿದ್ದರೆ ಹತ್ತುವ ಮೊದಲೇ ಮಡಚಿ. ನೀವು ಕೂತ ಮೇಲೇ ಬಸ್ಸು ಹೊರಡಲಿ ಎಂದು ಕೇಳಲು ಸಂಕೋಚ ಬೇಡ. ಚಲಿಸುವ ವಾಹನದಲ್ಲಿ ದ್ರಾಕ್ಷಿ, ಕಡಲೆಬೀಜ, ಗಟ್ಟಿ ಮಿಠಾಯಿ ಕೊಡಬೇಡಿ, ಒಂದು ಕುಲುಕಿಗೆ ಗಂಟಲಿಗಿಳಿಯುತ್ತವೆ.

ಕಾರು, ಟ್ಯಾಕ್ಸಿ

ಗಂಟೆಗೆ 50 ಕಿ.ಮೀ. ವೇಗದಲ್ಲಿ ಢಿಕ್ಕಿಯಾದಾಗ 10 ಕಿಲೊ ಮಗುವನ್ನು ಹಿಡಿದಿಡಲು 200 ಕಿಲೊ ಭಾರ ಎತ್ತುವುದಕ್ಕಿಂತಲೂ ಹೆಚ್ಚು ಬಲ ಬೇಕು. ಯಾವ ತೋಳಿಗೂ ಅದು ಸಾಧ್ಯವಿಲ್ಲ. ಒಂದೇ ಬೆಲ್ಟನ್ನು ನಿಮಗೂ ಮಡಿಲಲ್ಲಿರುವ ಮಗುವಿಗೂ ಸುತ್ತಿಕೊಂಡರೆ ನಿಮ್ಮ ಭಾರವೇ ಮಗುವನ್ನು ಜಜ್ಜುತ್ತದೆ. ಕ್ಯಾರಿಯರ್ ಕೂಡ ಕಾರಿನಲ್ಲಿ ರಕ್ಷಣೆಯಲ್ಲ. ಹತ್ತು ನಿಮಿಷದ ಪಯಣಕ್ಕೂ ಚೈಲ್ಡ್ ಸೀಟ್ ಬೇಕು. ಟ್ಯಾಕ್ಸಿಯನ್ನೇ ನೆಚ್ಚಿಕೊಂಡವರು ಕಾರಿನ ಬೆಲ್ಟ್‌ನಿಂದಲೇ ಬಿಗಿಯಬಹುದಾದ ಹಗುರ ಸೀಟನ್ನು ಕೊಂಡು, ಎರಡು ನಿಮಿಷದಲ್ಲಿ ಕೂರಿಸುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿ.

ಮಗು ಕಾರಿನ ಹಿಂಭಾಗದ ಕಡೆ ಮುಖ ಮಾಡಿ ಕೂರಬೇಕು. ನವಜಾತ ಶಿಶುವಿನ ತಲೆ ದೇಹದ ಉದ್ದದ ಕಾಲು ಭಾಗ, ದೊಡ್ಡವರಲ್ಲಿ ಸುಮಾರು ಎಂಟನೇ ಒಂದು ಭಾಗ. ಅಷ್ಟು ಭಾರದ ತಲೆ ಮುಂದಕ್ಕೆ ಚಿಮ್ಮಿದರೆ ಎಳೆಯ ಕುತ್ತಿಗೆ ತಾಳುವುದಿಲ್ಲ. ಚೈಲ್ಡ್ ಸೀಟುಗಳಿಗಿರುವ ವಿಶ್ವಸಂಸ್ಥೆಯ ಆರ್129 ಮಾನದಂಡದ ಪ್ರಕಾರ 15 ತಿಂಗಳವರೆಗೆ ಹೀಗೆ ಕೂರಿಸುವುದು ಕಡ್ಡಾಯ. ಸೀಟಿನ ಮಿತಿಯೊಳಗೆ ಇನ್ನೂ ಹೆಚ್ಚು ಕಾಲ ಕೂರಿಸಿದಷ್ಟೂ ಒಳ್ಳೆಯದು. ಮುಂದೆ ಏರ್‌ಬ್ಯಾಗ್ ಚಾಲೂ ಇರುವ ಸೀಟಿನಲ್ಲಿ ಹೀಗೆ ಕೂರಿಸಿದರೆ ಜೀವಕ್ಕೇ ಅಪಾಯ. ಹಿಂದಿನ ಸೀಟೇ ಇರಲಿ.

ಪಟ್ಟಿ ಬಿಗಿದ ಮೇಲೆ ಹೆಗಲಿನ ಬಳಿ ಅದನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ. ಮಡಿಕೆ ಸಿಕ್ಕಿದರೆ ಸಡಿಲವಾಗಿದೆ. ದಪ್ಪ ಜಾಕೆಟ್ ತೆಗೆದು ಬಿಗಿದು, ಆಮೇಲೆ ಹೊದಿಸಿ. ತಲುಪಿದೊಡನೆ ಮಗುವನ್ನು ಸೀಟಿನಿಂದ ಎತ್ತಿ ಸಮತಟ್ಟಾದ ಕಡೆ ಮಲಗಿಸಿ. ಕೂತಲ್ಲೇ ನಿದ್ದೆಹೋದ ಕೂಸಿನ ಗದ್ದ ಎದೆಗೆ ಬೀಳುತ್ತದೆ. ನಿಂತ ಕಾರಿನಲ್ಲಿ ಒಂದು ನಿಮಿಷವೂ ಮಗುವನ್ನು ಬಿಟ್ಟುಹೋಗಬೇಡಿ. ಕಿಟಕಿ ಸ್ವಲ್ಪ ತೆರೆದಿಟ್ಟರೂ ಒಳಗಿನ ಕಾವು ಏರುತ್ತಲೇ ಹೋಗುತ್ತದೆ.

ಬಿಸಿಲು, ಮಳೆ

ಬಿಸಿಲಿಗೆಂದು ಗಾಡಿಯ ಮೇಲೆ ಬಟ್ಟೆ ಹೊದಿಸುವುದನ್ನು ಎಲ್ಲೆಡೆ ಕಾಣುತ್ತೇವೆ. ತೆಳು ಬಟ್ಟೆಯೂ ಗಾಳಿ ತಡೆದು ಒಳಗನ್ನು ಕಾವಲಿಯಂತೆ ಮಾಡುತ್ತದೆ. ಗಾಡಿಯ ಚಾವಣಿ ಮತ್ತು ಪಕ್ಕಕ್ಕೆ ಸಿಕ್ಕಿಸುವ ಕೊಡೆ ಸಾಕು. ಕೂಸಿಗೆ ಸೆಕೆಯಾಗಿದೆಯೇ ಎಂದು ಕೈಕಾಲು ಮುಟ್ಟಿ ನೋಡಿದರೆ ತಿಳಿಯದು, ಕತ್ತಿನ ಹಿಂಭಾಗ ಮುಟ್ಟಿ. ಕ್ಯಾರಿಯರ್ ಕೂಡ ಒಂದು ಪದರ ಬಟ್ಟೆಗೆ ಸಮ, ಆದ್ದರಿಂದ ಒಂದು ಬಟ್ಟೆ ಕಡಿಮೆ ಹಾಕಿ. ಆರು ತಿಂಗಳೊಳಗಿನ ಮಗುವಿಗೆ ನೀರು ಬೇಡ, ಹಾಲನ್ನೇ ಹೆಚ್ಚು ಸಲ ಕೊಡಿ. ಮಳೆಯ ಪ್ಲಾಸ್ಟಿಕ್ ಹೊದಿಕೆಯನ್ನು ಒಳಗೆ ಬಂದ ಕೂಡಲೇ ತೆಗೆಯಿರಿ.

ನಡೆಯಲು ಕಲಿತ ಮೇಲೆ

ಒಂದೂವರೆ ವರ್ಷದ ಮಗುವಿಗೆ ನಗರ ಎಂದರೆ ಪ್ರತಿ ಕಲ್ಲನ್ನೂ ಮುಟ್ಟಿನೋಡುವ ಜಾಗ. ಅದಕ್ಕೆ ಅವಕಾಶವೂ ಬೇಕು. ಅಪಾಯವಿಲ್ಲದ ಕಡೆ ಹತ್ತು ನಿಮಿಷ ಬಿಟ್ಟರೆ, ಆಮೇಲೆ ಗಾಡಿಯಲ್ಲಿ ಕೂರಲು ರಚ್ಚೆ ಹಿಡಿಯುವುದು ಕಡಿಮೆ. ರಸ್ತೆಬದಿಯಲ್ಲಿ ಬೆರಳು ಕೊಡಬೇಡಿ, ಅಂಗೈ ಹಿಡಿದು ನಡೆಸಿ, ಮಗು ಗೋಡೆಯ ಬದಿಗಿರಲಿ. ಕೈ ಹಿಡಿದು ಜೋರಾಗಿ ಮೇಲಕ್ಕೆಳೆದರೆ ನಾಲ್ಕು ವರ್ಷದೊಳಗಿನ ಮಕ್ಕಳಲ್ಲಿ ಮೊಣಕೈ ಕೀಲು ತಪ್ಪುವುದು ಸಾಮಾನ್ಯ. ಎತ್ತುವುದಾದರೆ ಕಂಕುಳಿಗೆ ಕೈಹಾಕಿ ಎತ್ತಿ.

ಹೊರಡುವ ಮುನ್ನ ಅಂದಿನ ಬಟ್ಟೆಯಲ್ಲೇ ಮಗುವಿನ ಒಂದು ಫೋಟೊ ತೆಗೆಯಿರಿ. ಮುಂಗೈಗೆ ಫೋನ್ ನಂಬರ್ ಪೆನ್ನಿನಲ್ಲಿ ಬರೆಯಿರಿ. ಹೆಸರು ಮಾತ್ರ ಹೊರಗೆ ಕಾಣದಿರಲಿ. ಹೆಸರು ಹಿಡಿದು ಕರೆದವರನ್ನು ಮಗು ಪರಿಚಿತರೆಂದೇ ನಂಬುತ್ತದೆ. ಮಗು ಕಾಣದಿದ್ದರೆ ನಾಚಿಕೆ ಬಿಟ್ಟು ಆ ಕ್ಷಣವೇ ಕೂಗಿ, ಬರೀ ಹೆಸರನ್ನಲ್ಲ: "ಹಳದಿ ಅಂಗಿ, ನೀಲಿ ಚಡ್ಡಿ, ಎರಡು ವರ್ಷದ ಹುಡುಗ". ಸುತ್ತಲಿನವರಿಗೆ ಹುಡುಕಲು ಆಗುವುದು ಬಟ್ಟೆಯ ಬಣ್ಣದಿಂದ. ಮೊದಲು ನೋಡಬೇಕಾದದ್ದು ರಸ್ತೆ, ಹಳಿ, ನೀರು, ಎಸ್ಕಲೇಟರ್. ಇಬ್ಬರಿದ್ದರೆ ಒಬ್ಬರು ಮಗು ಕೊನೆಗೆ ಕಂಡ ಜಾಗ ಬಿಟ್ಟು ಕದಲಬೇಡಿ. ಅಲ್ಲಿನ ಸಿಬ್ಬಂದಿಗೆ ಫೋಟೊ ತೋರಿಸಿ, ಹೊರಹೋಗುವ ಬಾಗಿಲುಗಳಲ್ಲಿ ಜನ ನಿಲ್ಲಿಸಲು ಹೇಳಿ.