ಬೀರುವಿನಲ್ಲಿ ನಿಂತ ಜನತಾ ವಾಚನ್ನು ಮತ್ತೆ ಓಡಿಸುವುದು ಹೇಗೆ?

ತುಮಕೂರಿನ ಯಾವುದೇ ಹಳೇ ಮನೆಯ ಬೀರು ತೆಗೆಯಿರಿ, ಒಂದು ಎಚ್‌ಎಂಟಿ ವಾಚು ಸಿಕ್ಕೇ ಸಿಗುತ್ತದೆ. ಮದುವೆಯಲ್ಲಿ ಮಾವನ ಮನೆಯವರು ಹಾಕಿದ್ದು, ಇಲ್ಲವೇ ಎಸ್ಸೆಸ್ಸೆಲ್ಸಿ ಪಾಸಾದ ಖುಷಿಗೆ ಅಪ್ಪ ಕೊಡಿಸಿದ್ದು. ಗ್ಲಾಸಿನ ತುಂಬ ಗೀರು, ಸ್ಟ್ರಾಪ್ ಹರಿದಿದೆ, ಮುಳ್ಳು ನಿಂತಿದೆ. ‘ಅದು ಕೆಟ್ಟು ಎಷ್ಟೋ ವರ್ಷ ಆಯ್ತು’ ಎನ್ನುತ್ತಾರೆ ಮನೆಯವರು. ನಾನು ಬಿಚ್ಚಿ ನೋಡಿದ ಇಂಥ ವಾಚುಗಳಲ್ಲಿ ಹೆಚ್ಚಿನವು ಕೆಟ್ಟೇ ಇರಲಿಲ್ಲ. ಒಳಗಿನ ಆಯಿಲ್ ಒಣಗಿ ಅಂಟಾಗಿತ್ತು, ಅಷ್ಟೇ.

ಹಳೇ ವಾಚು ಬಿಚ್ಚಿ ಓಡಿಸುವ ಈ ಹವ್ಯಾಸಕ್ಕೆ ನಮ್ಮೂರಿಗಿಂತ ಒಳ್ಳೆಯ ಜಾಗ ಇಲ್ಲ ಎಂದು ನಾನು ಅಭಿಮಾನದಿಂದಲೇ ಹೇಳುತ್ತೇನೆ. ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಅಂದರೆ ಎಚ್‌ಎಂಟಿ, 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆಗೂಡಿ ಅಲ್ಲೇ ವಾಚು ಮಾಡಲು ಕೈಹಾಕಿತು. ಮುಂದೆ ತುಮಕೂರಿಗೂ ಕಾರ್ಖಾನೆ ಬಂತು. ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ತೀರ್ಮಾನಿಸಿತು. ಇಲ್ಲಿನ ಕಾರ್ಖಾನೆಯ ಜಾಗ ಇಸ್ರೊಗೆ ಹೋಯಿತು. ಕಟ್ಟಡ ಕೈತಪ್ಪಿದರೂ ಅಲ್ಲಿ ದುಡಿದವರ ಕೈಯಲ್ಲಿನ ವಿದ್ಯೆ ಊರಲ್ಲೇ ಉಳಿದಿದೆ. ನನಗೆ ಬ್ಯಾಲೆನ್ಸ್ (ಆ ಕಡೆ ಈ ಕಡೆ ಆಡುತ್ತ ವಾಚಿನ ಬಡಿತ ಕಾಯುವ ಚಕ್ರ) ಕೂರಿಸುವುದನ್ನು ಕಲಿಸಿದ್ದು ನಮ್ಮ ಬೀದಿಯ ಒಬ್ಬ ಅಮ್ಮ, ಅಸೆಂಬ್ಲಿ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರ ಮಾತು ಮುಂದೆ ಬರುತ್ತದೆ.

ಮೊದಲು ಯಾವ ವಾಚು?

ಎಚ್‌ಎಂಟಿಯ ಕೀ ಕೊಡುವ ಮಾಡೆಲ್ ಜನತಾ. ಬೇರೆ ಯೋಚನೆಯೇ ಬೇಡ. ಅದರ ಒಳಗಿನ ಮೆಷಿನ್ ಸಾಮಾನ್ಯವಾಗಿ 0231, 17 ಕಲ್ಲಿನದು (ಕಲ್ಲು ಎಂದರೆ ಚಕ್ರಗಳ ಅಚ್ಚು ಕೂರುವಂಥ ಪುಟ್ಟ ಹರಳು). ಬ್ಯಾಲೆನ್ಸ್ ಚಕ್ರದ ಕೆಳಗೆ ಆ ನಂಬರ್ ಕೆತ್ತಿರುತ್ತದೆ. ತಾರೀಖು, ವಾರದ ಗೋಜಿಲ್ಲ. ಎಚ್‌ಎಂಟಿಯ ಎಷ್ಟೋ ಮಾಡೆಲ್‌ಗಳಲ್ಲಿ ಇದೇ ಮೆಷಿನ್ ಇರುವುದರಿಂದ ಒಂದು ಹಾಳಾದ ವಾಚು ಇನ್ನೊಂದಕ್ಕೆ ಬಿಡಿಭಾಗ ಕೊಡುತ್ತದೆ. ಎಚ್‌ಎಂಟಿಯದೇ ಕಾಂಚನದ ಮೇಲೆ ಎಲ್ಲರಿಗೂ ಆಸೆ, ನನಗೂ ಇತ್ತು. ಆದರೆ ಅದು ಆಟೊಮ್ಯಾಟಿಕ್, ಕೈ ಅಲುಗಿದಂತೆ ತಾನೇ ಕೀ ತುಂಬಿಕೊಳ್ಳುವಂಥದ್ದು. ಕೀ ತುಂಬುವ ರೋಟರ್, ವಾರ, ತಾರೀಖು ಎಂದು ಭಾಗಗಳು ಜಾಸ್ತಿ. ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ. ಅದೇ ಕಂಪನಿಯ ಸೋನಾ ತೆಳ್ಳಗಿನ ವಾಚು, ಕಲಿಯುವ ಕೈಗೆ ಅದೂ ಬೇಡ. ಸ್ವಿಸ್ ವಾಚುಗಳ ವಿಷಯದಲ್ಲಿ ಒಂದು ಎಚ್ಚರಿಕೆ: 1960ಕ್ಕೂ ಹಿಂದಿನ, ಕತ್ತಲಲ್ಲಿ ಹೊಳೆಯುವ ಬಣ್ಣ ಬಳಿದ ವಾಚಾದರೆ ಅದರಲ್ಲಿ ರೇಡಿಯಂ ಇರಬಹುದು. ಅಂಥದ್ದನ್ನು ಬಿಚ್ಚಬೇಡಿ, ಆ ಬಣ್ಣ ಕೆರೆಯಲಂತೂ ಹೋಗಬೇಡಿ. ಅದರ ಪುಡಿ ಉಸಿರಿಗೆ ಸೇರಬಾರದು.

ಮನೆಯಲ್ಲಿ ಸಿಗದಿದ್ದರೆ ನೆಂಟರನ್ನು ಕೇಳಿ, ಊರಿನ ಹಳೇ ರಿಪೇರಿ ಅಂಗಡಿಗಳಲ್ಲಿ ವಿಚಾರಿಸಿ. ಭಾನುವಾರ ಬೆಳಗ್ಗಿನ ರೈಲು ಹಿಡಿದರೆ ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್ ಇದೆ. ಕೊಳ್ಳುವುದಕ್ಕೆ ಮೊದಲು ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಮ್ಯೂಸಿಯಂಗೆ ಒಮ್ಮೆ ಹೋಗಿಬನ್ನಿ. ಅಸಲಿ ಡಯಲ್ ಹೇಗಿರುತ್ತದೆ ಎಂಬುದು ಕಣ್ಣಿಗೆ ಕೂರಬೇಕು.

ಕೊಳ್ಳುವಾಗ

ಮೊದಲು ಡಯಲ್ ನೋಡಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ನನ್ನ ಅಪ್ಪನ ಜನತಾ ನಿಂತಾಗ ಒಂದು ಅಂಗಡಿಗೆ ಕೊಟ್ಟು ‘ಸರ್ವೀಸ್ ಮಾಡಿ’ ಎಂದಷ್ಟೇ ಹೇಳಿ ಬಂದಿದ್ದೆ. ವಾರದ ಮೇಲೆ ಹೋದರೆ ವಾಚು ಫಳಫಳ ಹೊಳೆಯುತ್ತಿತ್ತು. ಅಪ್ಪ ಇಪ್ಪತ್ತೈದು ವರ್ಷ ನೋಡಿದ್ದ, ಬೆಣ್ಣೆ ಬಣ್ಣಕ್ಕೆ ತಿರುಗಿದ್ದ ಡಯಲ್ ಹೋಗಿ ಅಚ್ಚ ಬಿಳಿ ಬಣ್ಣ ಬಳಿದ ಡಯಲ್ ಬಂದಿತ್ತು. ಹಳೆಯದನ್ನು ಉಜ್ಜಿ ಅದರ ಮೇಲೇ ಬರೆದಿದ್ದರಿಂದ ವಾಪಸ್ ಪಡೆಯುವ ದಾರಿಯೇ ಇರಲಿಲ್ಲ. ಅವರು ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ಹೊಸದಾಗಿ ಕಂಡರೆ ಗಿರಾಕಿಗೆ ಖುಷಿ ಎಂದುಕೊಂಡಿದ್ದರು. ಅವತ್ತಿನಿಂದ ಯಾವ ವಾಚು ಯಾರಿಗೆ ಕೊಟ್ಟರೂ ‘ಡಯಲ್ ಮುಟ್ಟಬೇಡಿ, ಕೇಸ್ ಪಾಲಿಶ್ ಬೇಡ’ ಎಂದು ಚೀಟಿ ಬರೆದೇ ಕೊಡುತ್ತೇನೆ. ನೀವೂ ಬರೆಯಿರಿ.

ಮರುಬಣ್ಣದ ಡಯಲ್ ಪತ್ತೆಗೆ 10 ಪಟ್ಟು ದೊಡ್ಡದಾಗಿ ತೋರಿಸುವ ಕಣ್ಣುಗಾಜು ಸಾಕು. ಅಕ್ಷರದ ಅಂಚು ಶಾಯಿ ಹರಡಿದಂತೆ ದಪ್ಪವಾಗಿರುತ್ತದೆ. ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ಸರಿಯಾಗಿ ಕೂಡುವುದಿಲ್ಲ. 6ರ ಕೆಳಗೆ ಅಂಚಿನಲ್ಲಿ ಇರಬೇಕಾದ ಸಣ್ಣ ಅಕ್ಷರಗಳು ಮಾಯವಾಗಿರುತ್ತವೆ ಇಲ್ಲವೇ ಸೊಟ್ಟಗಿರುತ್ತವೆ. ಕೇಸೆಲ್ಲ ಸವೆದು ಡಯಲ್ ಮಾತ್ರ ನಿನ್ನೆ ಅಚ್ಚಾದಂತಿದ್ದರೆ ಬಿಟ್ಟುಬಿಡಿ. ಕಲೆ ಬಿದ್ದ ಅಸಲಿ ಡಯಲ್‌ಗೆ ನಾನು ಎರಡು ಪಟ್ಟು ಕೊಟ್ಟೇನು, ಬಣ್ಣ ಬಳಿದದ್ದಕ್ಕೆ ಅರ್ಧವನ್ನೂ ಕೊಡೆನು.

ಆಮೇಲೆ ಕೀ ಕೊಡಿ. ಪೂರ್ತಿ ಇಳಿದ ವಾಚು ಸುಮಾರು 20ರಿಂದ 30 ಸುತ್ತಿಗೆ ಬಿಗಿಯಾಗಿ ನಿಲ್ಲಬೇಕು. ಎಷ್ಟು ತಿರುಗಿಸಿದರೂ ಬಿಗಿಯದಿದ್ದರೆ ವಾಚಿಗೆ ಓಡುವ ಶಕ್ತಿ ಕೊಡುವ ಮೇನ್‌ಸ್ಪ್ರಿಂಗ್ ತುಂಡಾಗಿದೆ ಎಂದೇ ತಿಳಿಯಿರಿ. ಕೈ ಬಿಟ್ಟ ತಕ್ಷಣ ಕೀ ಹಿಂದಕ್ಕೆ ಸುತ್ತಿದರೆ ಕ್ಲಿಕ್, ಅಂದರೆ ಸ್ಪ್ರಿಂಗ್ ಬಿಚ್ಚಿಕೊಳ್ಳದಂತೆ ತಡೆಯುವ ಕೊಕ್ಕೆ, ಹೋಗಿದೆ. ಕೀ ತುಂಬಿದ್ದರೂ ಓಡದ ವಾಚನ್ನು ‘ಕೀ ಜಾಸ್ತಿ ಕೊಟ್ಟು ಕೆಡಿಸಿದರು’ ಎನ್ನುವುದುಂಟು. ಅದು ತಪ್ಪು ತಿಳಿವಳಿಕೆ. ಸ್ಪ್ರಿಂಗ್‌ನಲ್ಲಿ ಶಕ್ತಿ ಇದೆ, ಕೊಳೆ ಅದನ್ನು ಮುಂದೆ ಹೋಗಲು ಬಿಡುತ್ತಿಲ್ಲ. ಅಂಥ ವಾಚು ಕಡಿಮೆ ಬೆಲೆಗೆ ಸಿಕ್ಕರೆ ಧೈರ್ಯವಾಗಿ ಕೊಳ್ಳಿ. ಕೀ ಎಳೆದು ಮುಳ್ಳು ತಿರುಗಿಸಿದಾಗ ತುಸು ತಡೆ ಕೈಗೆ ಸಿಗಬೇಕು. ಬೆಣ್ಣೆಯಲ್ಲಿ ತಿರುಗಿದಂತೆ ಸಡಿಲವಾಗಿದ್ದರೆ ವಾಚು ಟಿಕ್‌ಟಿಕ್ ಎನ್ನುತ್ತಿರುತ್ತದೆ, ಮುಳ್ಳು ಮಾತ್ರ ಹಿಂದೆ ಬೀಳುತ್ತದೆ.

ಮಾರುವವರು ಒಪ್ಪಿದರೆ ಹಿಂಬದಿ ಮುಚ್ಚಳ ತೆಗೆಸಿ. ಕೀ ಕಡ್ಡಿ ಒಳಹೋಗುವ ಜಾಗದಲ್ಲಿ ತುಕ್ಕು ಕಂಡರೆ ನೀರು ಹೋಗಿದೆ ಎಂದರ್ಥ. ಸ್ಕ್ರೂ ತಲೆಗಳು ಕಚ್ಚಿಹೋಗಿದ್ದರೆ ಯಾರೋ ಅವಸರದವರು ಕೈಯಾಡಿಸಿದ್ದಾರೆ.

ಸಾಮಾನು

0.8ರಿಂದ 1.4 ಮಿ.ಮೀ. ವರೆಗಿನ ನಾಲ್ಕು ಸ್ಕ್ರೂಡ್ರೈವರ್, ಚೂಪು ಮೂತಿಯ 5ನೇ ನಂಬರ್ ಚಿಮುಟ, ಕಣ್ಣುಗಾಜು, ಮುಚ್ಚಳ ತೆಗೆಯುವ ಚಾಕು, ಮೆಷಿನ್ ಹಿಡಿಯುವ ಹೋಲ್ಡರ್, ಮುಳ್ಳು ಎಬ್ಬಿಸುವ ಸಲಕರಣೆ, ಬೆರಳಿಗೆ ರಬ್ಬರ್ ಟೋಪಿ. ಚಿಮುಟಕ್ಕೂ ಸ್ಕ್ರೂಡ್ರೈವರ್‌ಗೂ ಹಣ ಉಳಿಸಲು ಹೋಗಬೇಡಿ, ಉಳಿದದ್ದೆಲ್ಲ ಅಗ್ಗದ್ದೇ ಸಾಕು. ಬಿಳಿ ಬಟ್ಟೆ ಹಾಸಿದ ಮೇಜು, ಫ್ಯಾನ್ ಆಫ್. ಒಂದೊಂದು ಭಾಗ ತೆಗೆದಾಗಲೂ ಮೊಬೈಲ್‌ನಲ್ಲಿ ಫೋಟೊ.

ಬಿಚ್ಚುವುದು

ಮುಚ್ಚಳದ ಅಂಚಿನಲ್ಲಿರುವ ಸಣ್ಣ ತುಟಿಗೆ ಚಾಕು ಕೊಟ್ಟು ಎಬ್ಬಿಸಿ. ಈಗ ಮೊದಲ ಕೆಲಸ ಸ್ಪ್ರಿಂಗ್ ಇಳಿಸುವುದು. ಕೀಯನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿದು, ಕ್ಲಿಕ್ ಅನ್ನು ಚಿಮುಟದ ತುದಿಯಿಂದ ಪಕ್ಕಕ್ಕೆ ತಳ್ಳಿ, ಕೀ ಬೆರಳ ನಡುವೆ ನಿಧಾನವಾಗಿ ಹಿಂದಕ್ಕೆ ಜಾರಲು ಬಿಡಿ. ಇದನ್ನು ಮರೆತು ಮುಂದೆ ಹೋದರೆ ಚಕ್ರಗಳು ಒಮ್ಮೆಗೇ ಗಿರ್ರನೆ ತಿರುಗಿ ಹಲ್ಲು, ಅಚ್ಚು ಮುರಿಯುತ್ತವೆ.

ಕೀ ಎಳೆದು, ಪಕ್ಕದ ಸಣ್ಣ ಗುಂಡಿ ಒತ್ತಿದರೆ ಕಡ್ಡಿ ಹೊರಬರುತ್ತದೆ. ಮೆಷಿನ್ ಹೊರತೆಗೆದು ಮುಳ್ಳು ಎಬ್ಬಿಸುವಾಗ ಡಯಲ್ ಮೇಲೆ ಪ್ಲಾಸ್ಟಿಕ್ ಹಾಳೆ ಇಡಿ. ಡಯಲ್ ಹಿಡಿದ ಸ್ಕ್ರೂಗಳು ಮೆಷಿನ್‌ನ ಅಂಚಿನಲ್ಲಿರುತ್ತವೆ. ಸಡಿಲಿಸಿದರೆ ಸಾಕು, ಪೂರ್ತಿ ತೆಗೆಯಬೇಕಿಲ್ಲ.

ಆಮೇಲೆ ಬ್ಯಾಲೆನ್ಸ್. ಅದರ ಸೇತುವೆಯ (ಚಕ್ರವನ್ನು ಮೇಲಿನಿಂದ ಹಿಡಿದಿರುವ ಲೋಹದ ತುಂಡು) ಸ್ಕ್ರೂ ತೆಗೆದು ಸೇತುವೆ ಎತ್ತಿದರೆ ಚಕ್ರ ಹೇರ್‌ಸ್ಪ್ರಿಂಗ್‌ಗೆ ಜೋತುಬಿದ್ದು ಬರುತ್ತದೆ. ಕೂದಲೆಳೆಯಷ್ಟು ತೆಳ್ಳಗಿನ ಈ ಸುರುಳಿಯನ್ನು ಚಿಮುಟದಿಂದ ಹಿಡಿಯಲೇಬಾರದು. ನನ್ನ ಎರಡನೇ ವಾಚಿನಲ್ಲಿ ಹಾಗೆ ಹಿಡಿದು ಸುರುಳಿ ಡೊಂಕಾಯಿತು. ಬೇರೆ ಬ್ಯಾಲೆನ್ಸ್ ಸಿಗುವ ತನಕ ನಾಲ್ಕು ತಿಂಗಳು ಆ ವಾಚು ಡಬ್ಬಿಯಲ್ಲೇ ಇತ್ತು. ಮುಂದಿನದು ಪ್ಯಾಲೆಟ್, ಬ್ಯಾಲೆನ್ಸಿಗೂ ಉಳಿದ ಚಕ್ರಗಳಿಗೂ ನಡುವೆ ಇರುವ ಕವಲಿನ ತುಂಡು. ತೆಗೆಯುವ ಮುಂಚೆ ಅದರ ಬಾಲವನ್ನು ಮೆಲ್ಲಗೆ ತಟ್ಟಿ ನೋಡಿ. ಆ ಕಡೆಯಿಂದ ಈ ಕಡೆಗೆ ತಾನಾಗಿ ಚಟ್ಟನೆ ಹಾರಿದರೆ ಸ್ಪ್ರಿಂಗ್‌ನಲ್ಲಿ ಇನ್ನೂ ಶಕ್ತಿ ಉಳಿದಿದೆ, ಮತ್ತೆ ಇಳಿಸಿ.

ಕೀ ಕಡ್ಡಿಗೆ ಹೊಂದಿಕೊಂಡಿರುವ ಕೀ ಚಕ್ರದ ಸ್ಕ್ರೂ ಅನೇಕ ಮೆಷಿನ್‌ಗಳಲ್ಲಿ ಉಲ್ಟಾ ತಿರುಪಿನದು. ಬಿಗಿ ಎನಿಸಿದರೆ ಬಲ ಹಾಕದೆ ಇನ್ನೊಂದು ಕಡೆಗೆ ತಿರುಗಿಸಿ ನೋಡಿ. ಕ್ಲಿಕ್‌ನ ಪುಟ್ಟ ಸ್ಪ್ರಿಂಗ್ ತೆಗೆಯುವಾಗ ಕೈಯನ್ನೂ ಮೆಷಿನ್ನನ್ನೂ ಒಂದು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಳ್ಳಿ. ಅದು ಹಾರಿದರೆ ಚೀಲದಲ್ಲೇ ಬೀಳಲಿ.

ತೊಳೆಯುವುದು, ಆಯಿಲ್

ನಮ್ಮ ರಿಪೇರಿಯವರು ಮೊದಲಿಂದಲೂ ಪೆಟ್ರೋಲ್‌ನಲ್ಲೇ ತೊಳೆಯುತ್ತಾರೆ. ಮುಚ್ಚಳವಿರುವ ಗಾಜಿನ ಬಟ್ಟಲಲ್ಲಿ ಸ್ವಲ್ಪವೇ ಹಾಕಿಕೊಳ್ಳಿ. ಕಿಟಕಿ ತೆರೆದಿರಲಿ, ಹತ್ತಿರ ಒಲೆ, ದೀಪ, ಊದುಬತ್ತಿ ಏನೂ ಬೇಡ. ಮೆತ್ತನೆ ಬ್ರಷ್‌ನಿಂದ ಉಜ್ಜಿ, ಚೂಪು ಮಾಡಿದ ಹಲ್ಲುಕಡ್ಡಿಯನ್ನು ಕಲ್ಲಿನ ತೂತುಗಳಲ್ಲಿ ತಿರುಗಿಸಿ. ಕಡ್ಡಿಯ ತುದಿ ಬೆಳ್ಳಗೆ ಹೊರಬರುವ ತನಕ ಬಿಡಬೇಡಿ. ಪ್ಯಾಲೆಟ್ಟನ್ನೂ ಬ್ಯಾಲೆನ್ಸನ್ನೂ ಸ್ಪಿರಿಟ್‌ನಲ್ಲಿ ನೆನೆಸಬಾರದು. ಅವುಗಳ ಕಲ್ಲನ್ನು ಹಿಡಿದಿರುವುದು ಅರಗು. ಅದು ಸ್ಪಿರಿಟ್‌ನಲ್ಲಿ ಕರಗುತ್ತದೆ, ಕಲ್ಲು ಕಳಚುತ್ತದೆ.

ಆಯಿಲ್ ಎಂದರೆ ಹೊಲಿಗೆ ಯಂತ್ರದ್ದೂ ಅಲ್ಲ, ಕೊಬ್ಬರಿ ಎಣ್ಣೆಯೂ ಅಲ್ಲ. ವೇಗವಾಗಿ ಓಡುವ ಚಕ್ರಗಳಿಗೆ ಮೋಬಿಯಸ್ ಕಂಪನಿಯ ವಾಚ್ ಆಯಿಲ್ 9010, ನಿಧಾನದ ದಪ್ಪ ಅಚ್ಚುಗಳಿಗೆ ಅದೇ ಕಂಪನಿಯ ಎಚ್‌ಪಿ 1300. ಕಲ್ಲಿನ ತೂತಿನ ಸುತ್ತ ಇರುವ ಬಟ್ಟಲಿನಂಥ ಪುಟ್ಟ ತಗ್ಗಿನ ಅರ್ಧದಷ್ಟು ಸಾಕು. ಹೆಚ್ಚಾದರೆ ಹರಿದುಹೋಗಿ ಅಚ್ಚು ಒಣಗುತ್ತದೆ. ಪ್ಯಾಲೆಟ್‌ನ ಅಚ್ಚಿಗೆ ಆಯಿಲ್ ಹಾಕಬಾರದು, ಅದು ಒಣಗಿಯೇ ಓಡಬೇಕು.

ಮತ್ತೆ ಜೋಡಿಸುವುದು

ಬಿಚ್ಚಿದ ಕ್ರಮವನ್ನೇ ಹಿಂದುಮುಂದು ಮಾಡಿ. ಚಕ್ರಗಳ ಮೇಲೆ ಸೇತುವೆ ಇಟ್ಟ ತಕ್ಷಣ ಸ್ಕ್ರೂ ಬಿಗಿಯಬೇಡಿ. ಒಂದೊಂದು ಚಕ್ರವನ್ನೂ ಮೆಲ್ಲಗೆ ಅಲುಗಿಸಿದರೆ ಅಚ್ಚುಗಳು ತಮ್ಮ ತೂತಿಗೆ ಬೀಳುತ್ತವೆ, ಸೇತುವೆ ತಾನಾಗಿ ಕೂರುತ್ತದೆ. ಬೆರಳಲ್ಲಿ ಒತ್ತಿ ಕೂರಿಸಿದರೆ ಅಚ್ಚು ಮುರಿಯಿತು ಎಂದೇ ಲೆಕ್ಕ.

ಬ್ಯಾಲೆನ್ಸ್ ನನಗೆ ಹದಿನೈದು ದಿನ ಕೂರಲಿಲ್ಲ. ಕೊನೆಗೆ ಮೆಷಿನ್ ಹಿಡಿದು ಆ ಅಮ್ಮನ ಮನೆಗೆ ಹೋದೆ. ಅವರು ಕನ್ನಡಕ ಒರೆಸಿಕೊಂಡು, ಮೊಣಕೈ ಎರಡನ್ನೂ ಮೇಜಿನ ಮೇಲೆ ಊರಿದರು. ‘ಕೈ ಗಾಳೀಲಿದ್ರೆ ನಡುಗುತ್ತೆ ಕಣಪ್ಪ, ಮೊಣಕೈ ಊರಬೇಕು. ಉಸಿರು ಬಿಟ್ಟಮೇಲೆ ಇಳಿಸು, ಎಳಕೊಳ್ಳುವಾಗ ಬೇಡ.’ ಸೇತುವೆಯನ್ನು ಓರೆಯಾಗಿ ಹಿಡಿದು, ಚಕ್ರದ ಕೆಳಗಿನ ಸಣ್ಣ ಕೆಂಪು ಕಲ್ಲು ಪ್ಯಾಲೆಟ್‌ನ ಕವಲಿನೊಳಗೆ ಸೇರುವಂತೆ ಇಳಿಸಿ, ಕಾಲು ಸುತ್ತು ತಿರುಗಿಸಿ ಬಿಟ್ಟರು. ಸ್ಕ್ರೂ ಹಾಕುವ ಮುಂಚೆಯೇ ಚಕ್ರ ಆಡತೊಡಗಿತು. ಎಷ್ಟೋ ವರ್ಷ ನಿಂತಿದ್ದ ವಾಚು ಉಸಿರಾಡುವುದನ್ನು ಅಷ್ಟು ಹತ್ತಿರದಿಂದ ಅವತ್ತೇ ನಾನು ಮೊದಲು ನೋಡಿದ್ದು.

ಸಮಯ ಕೂಡಿಸುವುದು

ಈ ಮೆಷಿನ್ ಗಂಟೆಗೆ 18,000 ಬಾರಿ ಬಡಿಯುತ್ತದೆ. ಸೆಕೆಂಡಿಗೆ ಐದು, ದಿನಕ್ಕೆ 4,32,000. ಇಷ್ಟರಲ್ಲಿ ದಿನಕ್ಕೆ ಅರ್ಧ ನಿಮಿಷ ಹೆಚ್ಚುಕಡಿಮೆಯಾದರೆ ಹಳೇ ವಾಚಿಗೆ ಅದು ಒಳ್ಳೆಯ ಲೆಕ್ಕವೇ. ಬ್ಯಾಲೆನ್ಸ್ ಸೇತುವೆಯ ಮೇಲಿರುವ ಪುಟ್ಟ ಕಡ್ಡಿಯನ್ನು ಕೂದಲಷ್ಟು ಸರಿಸಿ, 24 ಗಂಟೆ ಕಾದು, ಮತ್ತೆ ನೋಡಿ. ಒಂದೇ ದಿನ ನಾಲ್ಕು ಸಲ ಸರಿಸಿದರೆ ಯಾವುದೂ ತಿಳಿಯುವುದಿಲ್ಲ. ವಾಚು ಗಂಟೆಗೆ ಹಲವು ನಿಮಿಷ ಮುಂದೆ ಓಡಿದರೆ ಕಡ್ಡಿ ಮುಟ್ಟಬೇಡಿ. ಹೇರ್‌ಸ್ಪ್ರಿಂಗ್‌ನ ಸುರುಳಿಗಳು ಒಂದಕ್ಕೊಂದು ಅಂಟಿವೆ. ಆಯಿಲ್ ತಾಗಿರಬೇಕು, ಇಲ್ಲವೇ ಅಯಸ್ಕಾಂತ ಹಿಡಿದಿರಬೇಕು. ದಿಕ್ಸೂಚಿಯನ್ನು ಹತ್ತಿರ ತಂದಾಗ ಅದರ ಮುಳ್ಳು ಅಲುಗಾಡಿದರೆ ಅಯಸ್ಕಾಂತವೇ. ರಿಪೇರಿ ಅಂಗಡಿಯಲ್ಲಿ ಅದನ್ನು ಬಿಡಿಸುವ ಪುಟ್ಟ ಯಂತ್ರವಿದ್ದರೆ ಕ್ಷಣದ ಕೆಲಸ.

ಗ್ಲಾಸು ಪ್ಲಾಸ್ಟಿಕ್‌ನದಾದ್ದರಿಂದ ಸಣ್ಣ ಗೀರು ಟೂತ್‌ಪೇಸ್ಟ್‌ನಲ್ಲೇ ಹೋಗುತ್ತದೆ. ಮೆಷಿನ್ ಹೊರಗಿರುವಾಗಲೇ, ಕೇಸಿನ ಅಂಚಿಗೆ ಟೇಪ್ ಅಂಟಿಸಿ ಉಜ್ಜಿ. ಓಡತೊಡಗಿದ ಮೇಲೂ ಜನತಾವನ್ನು ನೀರಿನಿಂದ ದೂರ ಇಡಿ. ಕೈ ತೊಳೆಯುವಾಗಲೂ ಬಿಚ್ಚಿಡುವುದು ಕ್ಷೇಮ.

ಮುಚ್ಚಳ ಹಾಕುವ ಮುಂಚೆ ಅದರ ಒಳಮೈ ನೋಡಿ. ಹಿಂದೆ ರಿಪೇರಿ ಮಾಡಿದವರು ಸೂಜಿಯಲ್ಲಿ ಗೀಚಿದ ತಾರೀಖು, ಗುರುತು ಅಲ್ಲಿರಬಹುದು. ಅಪ್ಪನ ವಾಚಿನಲ್ಲಿ ಮೂರು ಇವೆ. ಅವನ್ನು ಅಳಿಸಬೇಡಿ. ನಾನು ಗೀಚುವುದಿಲ್ಲ. ಸಣ್ಣ ಚೀಟಿಯಲ್ಲಿ ತೊಳೆದ ದಿನ, ಹಾಕಿದ ಆಯಿಲ್, ಬದಲಿಸಿದ ಭಾಗ, ಅದು ಯಾವ ವಾಚಿನಿಂದ ಬಂತು, ಇಷ್ಟನ್ನೂ ಬರೆದು ವಾಚಿನ ಡಬ್ಬಿಯಲ್ಲಿ ಮಡಚಿಡುತ್ತೇನೆ. ಮುಂದೆ ಇದನ್ನು ಬಿಚ್ಚುವವರಿಗೆ ಬೇಕಾಗುತ್ತದೆ.