ಹಾಡು ರೆಡಿ ಇದೆ: ಆ್ಯಪ್‌ಗೆ ಹಾಕೋದಾ, ಸಿಡಿ ಮಾಡಿಸೋದಾ?

ನಮ್ಮ ಮನೆಯ ಅಟ್ಟದ ಮೇಲೆ ಎರಡು ರಟ್ಟಿನ ಡಬ್ಬಿಗಳಿವೆ. ಒಳಗೆ 340 ಸಿಡಿ. ಎಂಟು ವರ್ಷದ ಹಿಂದೆ ನಾವು ನಾಲ್ಕು ಜನ ಸೇರಿ ಆರು ಹಾಡು ಮಾಡಿದ್ದೆವು. ತತ್ವಪದದ ಧಾಟಿ, ಎರಡು ಗಿಟಾರು, ಒಂದು ತಮಟೆ. 500 ಸಿಡಿ ಒತ್ತಿಸಿದೆವು, ಯಾಕೆಂದರೆ ಅದಕ್ಕಿಂತ ಕಡಿಮೆ ಒತ್ತಿಕೊಡಲ್ಲ ಅಂದರು. ಜನ ನಮ್ಮ ಹಾಡು ಕೇಳಲಿಲ್ಲ ಅಂತಲ್ಲ. ಕಾರ್ಯಕ್ರಮ ಮುಗಿದ ಮೇಲೆ ಟೇಬಲ್ ಹತ್ತಿರ ಬರುತ್ತಿದ್ದರು, ಸಿಡಿ ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು, ಆಮೇಲೆ ಕೇಳುತ್ತಿದ್ದರು: 'ಪೆನ್‌ಡ್ರೈವ್‌ಗೆ ಹಾಕ್ಕೊಡ್ತೀರಾ?'

ದಾವಣಗೆರೆ, ಹರಿಹರ, ಚಿತ್ರದುರ್ಗ, ಚಳ್ಳಕೆರೆ ಕಡೆ ಸ್ವಂತ ಹಾಡು ಮಾಡುವ ಹುಡುಗ ಹುಡುಗಿಯರು ಈಗ ಜಾಸ್ತಿ ಆಗಿದ್ದಾರೆ. ಸಿಕ್ಕಾಗಲೆಲ್ಲ ಕೇಳುತ್ತಾರೆ, ಈಗ ಸಿಡಿ ಯಾರು ತಗೋತಾರೆ, ಸುಮ್ನೆ ಆ್ಯಪ್‌ಗೆ ಹಾಕಿದರೆ ಸಾಕಲ್ವಾ ಅಂತ. ಸಾಕು ಅಂತಲೂ ಹೇಳಲಾರೆ, ಸಾಲದು ಅಂತಲೂ ಹೇಳಲಾರೆ. ನಿಮ್ಮ ಹಾಡು ಕೇಳುವವರು ಅದನ್ನು ಯಾವುದರಲ್ಲಿ ಕೇಳುತ್ತಾರೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ನಾವು ಅದನ್ನು ಕೊನೆಗೆ ಯೋಚಿಸಿದೆವು. ನೀವು ಮೊದಲು ಯೋಚಿಸಿ.

ಮೊದಲು: ಕೇಳುವವರನ್ನು ಎಣಿಸಿ

ಒಂದು ನೋಟ್‌ಬುಕ್ ತಗೊಳ್ಳಿ. ಮುಂದಿನ ಎರಡು ಮೂರು ಕಾರ್ಯಕ್ರಮಗಳಲ್ಲಿ ಹಾಡು ಇಷ್ಟವಾಯಿತು ಅಂತ ಬಂದು ಮಾತಾಡಿಸುವ ಪ್ರತಿಯೊಬ್ಬರನ್ನೂ ಕೇಳಿ, ಹಾಡನ್ನು ಯಾವುದರಲ್ಲಿ ಕೇಳ್ತೀರಿ ಅಂತ. ಬರೆದುಕೊಳ್ಳಿ. ಕಾಲೇಜು ಹುಡುಗರು ಫೋನಿನ ಆ್ಯಪ್ ಹೆಸರು ಹೇಳುತ್ತಾರೆ. ಟ್ರ್ಯಾಕ್ಟರ್, ಟೆಂಪೊ, ಖಾಸಗಿ ಬಸ್ ಓಡಿಸುವವರು ಪೆನ್‌ಡ್ರೈವ್ ಅನ್ನುತ್ತಾರೆ. ಭಜನಾ ಮಂಡಳಿಯ ಹೆಂಗಸರ ಹತ್ತಿರ ಮೆಮೊರಿ ಕಾರ್ಡ್ ಹಾಕುವ ಪುಟ್ಟ ಸ್ಪೀಕರ್ ಇರುತ್ತದೆ, ಇಲ್ಲವೇ ಮಗ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಕೇಳುತ್ತಾರೆ. ಮನೆಯಲ್ಲಿ ಸಿಡಿ ಪ್ಲೇಯರ್ ಇನ್ನೂ ಇಟ್ಟುಕೊಂಡವರು ಕಡಿಮೆ, ಆದರೆ ಇಟ್ಟುಕೊಂಡವರು ದುಡ್ಡು ಕೊಟ್ಟು ಹಾಡು ಕೊಳ್ಳುವವರು. 50 ಹೆಸರು ಆದ ಮೇಲೆ ಆ ಪುಟವನ್ನು ನೋಡಿ. ಬೆಂಗಳೂರಿನ ಬ್ಯಾಂಡ್ ಏನು ಮಾಡಿತು ಅಂತ ನೋಡುವುದಕ್ಕಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಾಡು ಯಾರದ್ದು ಅನ್ನುವುದು ಕಾಗದದ ಮೇಲಿರಲಿ

ಆ್ಯಪ್‌ಗೆ ಹಾಕಿದರೂ ಸಿಡಿ ಮಾಡಿಸಿದರೂ ಇದು ಬೇಕು. ವಚನ ಹಾಡಿದರೆ, ಶಿಶುನಾಳ ಶರೀಫರ ಪದ ಹಾಡಿದರೆ ಸಾಹಿತ್ಯಕ್ಕೆ ಯಾರ ಅನುಮತಿಯೂ ಬೇಡ. ಶರೀಫರು ತೀರಿಕೊಂಡಿದ್ದು 1889ರಲ್ಲಿ. ಆದರೆ ಬೇರೆಯವರು ಹಾಕಿದ ರಾಗವನ್ನೇ ಎತ್ತಿಕೊಂಡರೆ ಆ ರಾಗ ಅವರದ್ದು. ಭಾವಗೀತೆ ಆದರೆ ಹುಷಾರು. ನಮ್ಮಲ್ಲಿ ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆಯವರು ಹೋಗಿದ್ದು 1981ರಲ್ಲಿ, ಅಂದರೆ 2041 ಮುಗಿಯುವ ತನಕ ಅವರ ಪದ್ಯಕ್ಕೆ ಹಕ್ಕುದಾರರ ಒಪ್ಪಿಗೆ ಬೇಕು. ಕುವೆಂಪು ಅವರದ್ದು 2054ರವರೆಗೆ. ವೇದಿಕೆ ಮೇಲೆ ಇಷ್ಟು ದಿನ ಹಾಡಿಕೊಂಡು ಬಂದಿದ್ದೇನೆ ಅನ್ನುವುದು ರೆಕಾರ್ಡಿಂಗ್‌ಗೆ ಅನುಮತಿ ಆಗುವುದಿಲ್ಲ.

ಜನಪದದ ಬಗ್ಗೆ ನನಗೆ ಸ್ವಲ್ಪ ಜಾಸ್ತಿ ಹೇಳಬೇಕಿದೆ. ಚಳ್ಳಕೆರೆ ಸೀಮೆಯ ಸಿರಿಯಜ್ಜಿ ಅಕ್ಷರ ಕಲಿಯದೆ ಸಾವಿರಾರು ಹಾಡುಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದರು. ಅಂಥ ಅಜ್ಜಿಯರು ನಮ್ಮ ಹಟ್ಟಿಗಳಲ್ಲಿ ಇನ್ನೂ ಇದ್ದಾರೆ. ಅವರ ಬಾಯಿಂದ ಕೇಳಿದ ಸೋಬಾನೆ ಪದಕ್ಕೆ ಗಿಟಾರು ಸೇರಿಸಿ ಬರೀ ನಿಮ್ಮ ಹೆಸರು ಹಾಕಿಕೊಳ್ಳಬೇಡಿ. ಮೊದಲೇ ಕೂತು ಮಾತಾಡಿ, ದುಡ್ಡು ಮೊದಲೇ ಕೊಡಿ, ಹೆಸರು, ಊರು ಹಾಕಿ. ಆ್ಯಪ್‌ನಲ್ಲಿ ಇದಕ್ಕೆ ಸಿಗುವುದು ಒಂದು ಸಾಲು, ಅದನ್ನೂ ಯಾರೂ ಒತ್ತಿ ನೋಡುವುದಿಲ್ಲ. ಸಿಡಿ ಕವರಿನ ಒಳಪುಟದಲ್ಲಾದರೆ ಅಜ್ಜಿಯ ಫೋಟೊ ಹಾಕಬಹುದು, ಪದದ ಪೂರ್ತಿ ಸಾಹಿತ್ಯ ಹಾಕಬಹುದು, ಯಾವ ಹಟ್ಟಿಯಲ್ಲಿ ಯಾವ ಶಾಸ್ತ್ರಕ್ಕೆ ಇದನ್ನು ಹಾಡುತ್ತಾರೆ ಅಂತ ಬರೆಯಬಹುದು. ನನಗೆ ಕೈಯಲ್ಲಿ ಹಿಡಿಯುವ ಪ್ರತಿ ಬೇಕು ಅನ್ನಿಸುವುದು ಹೆಚ್ಚಾಗಿ ಈ ಕಾರಣಕ್ಕೆ.

ತಂಡದವರ ನಡುವೆಯೂ ಒಂದು ಪುಟದ ಒಪ್ಪಂದ ಬರೆದುಕೊಳ್ಳಿ: ಸಾಹಿತ್ಯ ಯಾರದ್ದು, ಸಂಗೀತ ಯಾರದ್ದು, ಬಂದ ದುಡ್ಡು ಹೇಗೆ ಹಂಚಿಕೆ. ಸ್ಟುಡಿಯೊಗೆ ದುಡ್ಡು ಕೊಟ್ಟರೆ ರಸೀದಿ ತಗೊಳ್ಳಿ, ರೆಕಾರ್ಡಿಂಗ್ ನಿಮ್ಮದೇ ಅಂತ ಅದರಲ್ಲೇ ಬರೆಸಿ. ಸ್ವಂತ ಸಾಹಿತ್ಯ, ಸಂಗೀತ ಇದ್ದವರು ಐಪಿಆರ್‌ಎಸ್ ಸದಸ್ಯತ್ವದ ಬಗ್ಗೆಯೂ ವಿಚಾರಿಸಿ. ಅದು 1969ರಿಂದ ಇರುವ ಸಂಸ್ಥೆ, ಹಾಡು ಬರೆದವರ ಮತ್ತು ಸಂಗೀತ ಹಾಕಿದವರ ಪಾಲಿನ ರಾಯಧನ ಸಂಗ್ರಹಿಸಿ ಕೊಡುತ್ತದೆ.

ಡಿಜಿಟಲ್: ಹೆಸರು ಸರಿ ಮಾಡಿಕೊಂಡು ಹೊರಡಿ

ಸ್ಟುಡಿಯೊದಿಂದ 24 ಬಿಟ್ ವೇವ್ ಫೈಲ್, ಅಂದರೆ ಸದ್ದನ್ನು ಕುಗ್ಗಿಸದ ಮೂಲ ಫೈಲ್ ಕೇಳಿ ಪಡೆಯಿರಿ, ಎಂಪಿ3 ಒಂದೇ ಕೊಟ್ಟರೆ ಒಪ್ಪಬೇಡಿ. ಎರಡು ಹಾರ್ಡ್ ಡಿಸ್ಕಿನಲ್ಲಿ ಇಟ್ಟು, ಒಂದನ್ನು ಬೇರೆ ಮನೆಯಲ್ಲಿ ಇಡಿ. ಸದ್ದು ಜೋರಾಗಿರಲಿ ಅಂತ ಮಾಸ್ಟರಿಂಗ್‌ನಲ್ಲಿ, ಅಂದರೆ ಹಾಡಿನ ಸದ್ದನ್ನು ಕೊನೆಯದಾಗಿ ಹದ ಮಾಡುವಾಗ, ಒತ್ತಾಯ ಮಾಡಬೇಡಿ, ಸ್ಪಾಟಿಫೈ ಎಲ್ಲ ಹಾಡುಗಳನ್ನೂ ಸುಮಾರು ಒಂದೇ ಮಟ್ಟಕ್ಕೆ ತರುತ್ತದೆ. ಜೋರು ಮಾಡಿದ್ದು ಅಲ್ಲಿ ತಗ್ಗುತ್ತದೆ, ತಮಟೆಯ ಪೆಟ್ಟು ಮಾತ್ರ ಚಪ್ಪಟೆಯಾಗಿ ಉಳಿಯುತ್ತದೆ.

ಸ್ಪಾಟಿಫೈ ಥರದ ಆ್ಯಪ್‌ಗಳಿಗೆ ನೀವೇ ನೇರವಾಗಿ ಹಾಡು ಹಾಕಲು ಆಗುವುದಿಲ್ಲ, ನಡುವೆ ಹಾಡು ತಲುಪಿಸುವ ಒಬ್ಬ ಡಿಸ್ಟ್ರಿಬ್ಯೂಟರ್ ಬೇಕು. ಡಿಸ್ಟ್ರೊಕಿಡ್ ಥರದವರು ವರ್ಷಕ್ಕೆ ಇಷ್ಟು ಅಂತ ತಗೊಳ್ಳುತ್ತಾರೆ. ಅಲ್ಲಿ ವರ್ಷದ ಚಂದಾ ಕಟ್ಟದಿದ್ದರೆ ಹಾಡು ಆ್ಯಪ್‌ಗಳಿಂದ ಇಳಿದುಹೋಗುತ್ತದೆ, ಉಳಿಯಬೇಕು ಅಂದರೆ ಪ್ರತಿ ಬಿಡುಗಡೆಗೂ ಬೇರೆ ಶುಲ್ಕ ಇದೆ. ಸಿಡಿ ಬೇಬಿ ಅನ್ನುವ ಇನ್ನೊಬ್ಬ ಡಿಸ್ಟ್ರಿಬ್ಯೂಟರ್ ಒಂದೇ ಸಲ ಶುಲ್ಕ ತಗೊಂಡು ಬಂದ ದುಡ್ಡಿನಲ್ಲಿ ಶೇ 9 ಹಿಡಿಯುತ್ತದೆ. ವರ್ಷಕ್ಕೆ ನಾಲ್ಕೈದು ಹಾಡು ಬಿಡುವವರಿಗೆ ಮೊದಲನೆಯದು ಸರಿ. ಒಂದೇ ಆಲ್ಬಂ ಮಾಡಿ ಕೆಲಸಕ್ಕೆ, ಜಮೀನಿಗೆ ವಾಪಸ್ ಹೋಗುವವರಿಗೆ ಎರಡನೆಯದು ವಾಸಿ.

ಈಗ ಹೆಸರು. ನಮ್ಮ ಎರಡನೇ ಬಿಡುಗಡೆಯಲ್ಲಿ ತಂಡದ ಹೆಸರನ್ನು ಇಂಗ್ಲಿಷಿನಲ್ಲಿ ಒಂದು ಹಾಡಿಗೆ ಒಂದು ಥರ, ಇನ್ನೊಂದಕ್ಕೆ ಇನ್ನೊಂದು ಥರ ಬರೆದಿದ್ದೆವು. ಹಾಡುಗಳು ಎರಡು ಪುಟಗಳಲ್ಲಿ ಕೂತವು. ಮೂರನೆಯದು ಬೇರೆ ರಾಜ್ಯದ, ಅದೇ ಹೆಸರಿನ ಗಾಯಕರೊಬ್ಬರ ಪುಟಕ್ಕೆ ಹೋಗಿ ಸೇರಿತು. ಸರಿಪಡಿಸಲು ಎರಡು ತಿಂಗಳು ಹಿಡಿಯಿತು. ನಮ್ಮ ದಾವಣಗೆರೆಯ ಹೆಸರನ್ನೇ ಇಂಗ್ಲಿಷಿನಲ್ಲಿ ನಡುವೆ ಒಂದು 'ಎ' ಇಟ್ಟು ಬರೆಯುವವರಿದ್ದಾರೆ, ಬಿಟ್ಟು ಬರೆಯುವವರಿದ್ದಾರೆ ಅಲ್ವಾ? ಹಾಗೆಯೇ ಇದು. ಕಾಗುಣಿತ ಒಂದನ್ನು ಗಟ್ಟಿ ಮಾಡಿ, ಹತ್ತು ಜನ ಗೆಳೆಯರಿಗೆ ಹೆಸರು ಬರೀ ಕೇಳಿಸಿ ಫೋನಿನಲ್ಲಿ ಟೈಪ್ ಮಾಡಿಸಿ ನೋಡಿ, ಹೆಚ್ಚು ಜನ ಬರೆದದ್ದನ್ನೇ ಇಟ್ಟುಕೊಳ್ಳಿ. ಭಾಷೆ ಅಂತ ಕೇಳುವ ಕಡೆ ಕನ್ನಡ ಅಂತ ಆರಿಸುವುದನ್ನು ಮರೆಯಬೇಡಿ.

ಪ್ರತಿ ರೆಕಾರ್ಡಿಂಗ್‌ಗೂ ಐಎಸ್‌ಆರ್‌ಸಿ ಅಂತ 12 ಅಕ್ಷರ-ಅಂಕಿಗಳ ಒಂದು ಗುರುತು ಇರುತ್ತದೆ. ಸಾಮಾನ್ಯವಾಗಿ ಡಿಸ್ಟ್ರಿಬ್ಯೂಟರೇ ಕೊಡುತ್ತಾರೆ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾಳೆ ಡಿಸ್ಟ್ರಿಬ್ಯೂಟರ್ ಬದಲಿಸಿದರೆ ಹಳೆಯ ಗುರುತನ್ನೇ ಕೊಡಬೇಕು, ಇಲ್ಲದಿದ್ದರೆ ಅದೇ ಹಾಡು ಹೊಸ ಹಾಡಾಗಿ ಸೊನ್ನೆಯಿಂದ ಶುರುವಾಗುತ್ತದೆ. ಬಿಡುಗಡೆ ದಿನಕ್ಕೆ ನಾಲ್ಕು ವಾರ ಮುಂಚೆ ಅಪ್‌ಲೋಡ್ ಮಾಡಿ. ಸ್ಪಾಟಿಫೈನ ಕಲಾವಿದರ ಖಾತೆಯಿಂದ ಹಾಡನ್ನು ಅವರ ಸಂಪಾದಕರಿಗೆ ಕಳಿಸಬಹುದು, ಕನಿಷ್ಠ 7 ದಿನ ಮುಂಚೆ ಕಳಿಸಿದರೆ ನಿಮ್ಮನ್ನು ಫಾಲೋ ಮಾಡುವವರ ಹೊಸ ಹಾಡುಗಳ ಪಟ್ಟಿಗೂ ಅದು ಬರುತ್ತದೆ.

ದುಡ್ಡಿನ ಮಾತು. ಒಂದು ಸಲ ಕೇಳಿದರೆ ಇಷ್ಟು ಅಂತ ಸ್ಪಾಟಿಫೈನಲ್ಲಿ ನಿಗದಿ ಇಲ್ಲ, ಒಟ್ಟು ಆದಾಯದಲ್ಲಿ ಪಾಲು ಹಂಚುತ್ತಾರೆ. 2024ರಿಂದ ಅಲ್ಲಿ ಒಂದು ಹಾಡು 12 ತಿಂಗಳಲ್ಲಿ 1000 ಸಲ ಪ್ಲೇ ಆಗದಿದ್ದರೆ ಅದಕ್ಕೆ ಏನೂ ಬರುವುದಿಲ್ಲ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಬೇಕಾದರೆ ಮಾಮೂಲಿ ವಿಡಿಯೊಗಳಿಗೆ 1000 ಚಂದಾದಾರರು ಮತ್ತು ವರ್ಷದಲ್ಲಿ 4000 ಗಂಟೆ ವೀಕ್ಷಣೆ ಆಗಿರಬೇಕು. ಆದ್ದರಿಂದ ಮೊದಲ ವರ್ಷದ ಖರ್ಚನ್ನು ಆ್ಯಪ್ ತೀರಿಸುತ್ತದೆ ಅಂತ ಲೆಕ್ಕ ಹಾಕಬೇಡಿ. ಯಾರಾದರೂ ನಿಮ್ಮನ್ನು ಹುಡುಕಿದಾಗ ಸಿಗುವುದಕ್ಕೆ ಅದು ಬೇಕೇ ಬೇಕು, ಅಷ್ಟೇ. ಅಮೆರಿಕದಲ್ಲೋ ದುಬೈಯಲ್ಲೋ ಕೇಳುವವರಿದ್ದರೆ ಬ್ಯಾಂಡ್‌ಕ್ಯಾಂಪ್ ನೋಡಿ. ಅಲ್ಲಿ ನೀವೇ ಬೆಲೆ ಇಟ್ಟು ಮಾರಬಹುದು. ಡಿಜಿಟಲ್ ಹಾಡಿಗೆ ಶೇ 15, ಸಿಡಿಯಂಥ ವಸ್ತುಗಳಿಗೆ ಶೇ 10 ಹಿಡಿಯುತ್ತಾರೆ. ದುಡ್ಡು ಬರುವುದು ಪೇಪಾಲ್ ಮೂಲಕ, ಹಾಗಾಗಿ ಊರಿನ ಗಿರಾಕಿಗೆ ಅದು ಹೊಂದಲ್ಲ, ಇಲ್ಲಿಯವರಿಗೆ ಯುಪಿಐ ಇದೆ.

ಇನ್ನೊಂದು ಮಾತು. ಹಾಡು ಕೇಳುವ ಆ್ಯಪ್ ರೆಸ್ಸೊ 2024ರ ಜನವರಿ ಕೊನೆಗೆ ನಮ್ಮ ದೇಶದಲ್ಲಿ ನಿಂತುಹೋಯಿತು. ಅಂಥದ್ದೇ ಇನ್ನೊಂದು ಆ್ಯಪ್ ವಿಂಕ್ ಮುಚ್ಚುವ ಸುದ್ದಿ ಬಂದಿದ್ದೂ ಅದೇ ವರ್ಷ. ಜನ ಅಲ್ಲಿ ಜೋಡಿಸಿಟ್ಟುಕೊಂಡ ಪಟ್ಟಿಗಳ ಕಥೆ ಏನಾಗಬೇಕು?

ಕೈಗೆ ಕೊಡುವ ಪ್ರತಿ: 50ರಿಂದ ಶುರು ಮಾಡಿ

ಸಿಡಿ ಮಾಡಿಸಲು ಎರಡು ದಾರಿ. ಒಂದು, ಗಾಜಿನ ಮಾಸ್ಟರ್, ಅಂದರೆ ಅಚ್ಚಿಗೆ ಬೇಕಾದ ಮೂಲ ತಟ್ಟೆ ಮಾಡಿ ಕಾರ್ಖಾನೆಯಲ್ಲಿ ಒತ್ತುವುದು. ಇದು ನೂರಾರು ಪ್ರತಿಗಳಿಗೆ ಮಾತ್ರ ಗಿಟ್ಟುತ್ತದೆ. ಇನ್ನೊಂದು, ಖಾಲಿ ಸಿಡಿಗೆ ಬರೆಯುವುದು. ಇದನ್ನು 50 ಬೇಕಾದರೂ ಮಾಡಬಹುದು, 20 ಬೇಕಾದರೂ ಮಾಡಬಹುದು. ಬರೆಯುವಾಗ ವೇಗ ಕಡಿಮೆ ಇಡಿ, ಪ್ರತಿಯೊಂದನ್ನೂ ಹಾಕಿ ನೋಡಿ, ಮೇಲೆ ಕಾಗದದ ಸ್ಟಿಕರ್ ಅಂಟಿಸಬೇಡಿ, ಅಂಟಿಸಿದರೆ ತಿರುಗುವಾಗ ತೂಕ ಓಲುತ್ತದೆ. ಬರೆದ ಸಿಡಿಯಲ್ಲಿ ಇರುವುದು ಬಣ್ಣದ ಪದರ, ಬಿಸಿಲಿಗೆ ಕೆಡುತ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಗಾಜಿನ ಹತ್ತಿರ ಇಡಬೇಡಿ ಅಂತ ಕವರಿನ ಮೇಲೇ ಬರೆಸಿ.

ಕವರಿಗೆ ಮದುವೆ ಕಾರ್ಡ್ ಮಾಡುವ ಪ್ರೆಸ್‌ಗೆ ಹೋಗಿ. ದಪ್ಪ ಕಾಗದ, ಮಡಿಕೆ, ಬಂಗಾರದ ಅಕ್ಷರ, ಎಲ್ಲ ಅವರ ಕೈಯಲ್ಲಿ ಪಳಗಿದ ಕೆಲಸ. ಲಗ್ನದ ಸೀಸನ್‌ನಲ್ಲಿ ಹೋದರೆ ತಲೆ ಎತ್ತಿ ನೋಡಲೂ ಅವರಿಗೆ ಪುರುಸೊತ್ತಿರಲ್ಲ. ಆಷಾಢದಲ್ಲಿ ಹೋಗಿ. ಕೂತು ಮಾತಾಡುತ್ತಾರೆ, ರೇಟಿನಲ್ಲೂ ಬಿಡುತ್ತಾರೆ.

ನಮ್ಮ ಕಡೆ ನಿಜವಾಗಿ ಓಡುವುದು ಪೆನ್‌ಡ್ರೈವ್. ಭರಮಸಾಗರದ ಹತ್ತಿರ ಒಂದು ಕಾರ್ಯಕ್ರಮ ಮುಗಿದಾಗ ಟ್ರ್ಯಾಕ್ಟರ್ ಓಡಿಸುವ ಒಬ್ಬರು ನಮ್ಮ ಪೆನ್‌ಡ್ರೈವ್ ಕೊಂಡು ಅಲ್ಲೇ ಹಾಕಿದರು. ಸ್ಟೀರಿಯೊದ ಸಣ್ಣ ಪರದೆಯ ಮೇಲೆ ಕೆಂಪು ಅಕ್ಷರ ಓಡಿತು: ಫೈಲ್ ಇಲ್ಲ. ತೆಗೆದರು, ಅಂಗಿಗೆ ಒರೆಸಿದರು, ಮತ್ತೆ ಹಾಕಿದರು. ಮತ್ತೆ ಅದೇ. ಸುತ್ತ ಹದಿನೈದು ಜನ ನಿಂತಿದ್ದರು. ನಾವು ದುಡ್ಡು ವಾಪಸ್ ಕೊಟ್ಟೆವು. ತಪ್ಪು ಇಷ್ಟೇ, ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್ ಅನ್ನು ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಮಾಡಿದ್ದೆವು. ಹಳೆಯ ಸ್ಟೀರಿಯೊಗಳು ಓದುವುದು ಫ್ಯಾಟ್32 ಮಾತ್ರ. ಆದ್ದರಿಂದ ಫ್ಯಾಟ್32 ಮಾಡಿ. ಹಾಡುಗಳನ್ನು 320 ಕೆಬಿಪಿಎಸ್ ಎಂಪಿ3 ಮಾಡಿ, ನಿಮಿಷಕ್ಕೆ ಸುಮಾರು 2.4 ಎಂಬಿ ಆಗುತ್ತದೆ, ಅರ್ಧ ಗಂಟೆಯ ಆಲ್ಬಂ 72 ಎಂಬಿ. ಅಂದರೆ ಅಂಗಡಿಯಲ್ಲಿ ಸಿಗುವ ಅತಿ ಚಿಕ್ಕ ಪೆನ್‌ಡ್ರೈವ್ ಕೂಡ ಹೆಚ್ಚಾಯಿತು. ಫೈಲಿನ ಹೆಸರು 01, 02 ಅಂತ ಅಂಕಿಯಿಂದ ಶುರುವಾಗಲಿ, ಇಂಗ್ಲಿಷ್ ಅಕ್ಷರದಲ್ಲಿರಲಿ. ಕನ್ನಡದಲ್ಲಿ ಬರೆದರೆ ಆ ಪರದೆಯಲ್ಲಿ ಬರೀ ಚೌಕ ಚೌಕ ಕಾಣುತ್ತದೆ. ಕನ್ನಡ ಹೆಸರು ಹೊರಗಿನ ಕಾರ್ಡಿನ ಮೇಲೆ ದೊಡ್ಡದಾಗಿ ಇರಲಿ.

ದುಡ್ಡು ತೀರಾ ಕಡಿಮೆ ಇದ್ದರೆ ಬರೀ ಕ್ಯೂಆರ್ ಕಾರ್ಡ್ ಮಾಡಿಸಿ. ಒಂದು ಬದಿ ಸಾಹಿತ್ಯ, ಇನ್ನೊಂದು ಬದಿ ಕೋಡ್. ಕೋಡ್ ಯಾವುದೋ ಒಂದು ಆ್ಯಪ್‌ಗೆ ನೇರವಾಗಿ ಹೋಗದೆ ನಿಮ್ಮದೇ ಒಂದು ಪುಟಕ್ಕೆ ಹೋಗಲಿ, ಆ ಪುಟದ ಒಳಗಿನ ಲಿಂಕ್ ಅನ್ನು ಮುಂದೆ ಬದಲಿಸಬಹುದು, ಅಚ್ಚಾದ ಕಾರ್ಡನ್ನು ಬದಲಿಸಲು ಆಗಲ್ಲ. ಕ್ಯಾಸೆಟ್ ಮತ್ತು ಎಲ್‌ಪಿ ತಟ್ಟೆಯ ಆಸೆ ನನಗೂ ಇದೆ. ಆದರೆ ತಟ್ಟೆಯ ಒಂದು ಬದಿಗೆ ಚೆನ್ನಾಗಿ ಹಿಡಿಸುವುದು 22 ನಿಮಿಷದಷ್ಟು, ಖರ್ಚು ದೊಡ್ಡದು. ಮೊದಲ ಆಲ್ಬಂಗೆ ಬೇಡ.

ಲೆಕ್ಕ ಹೀಗೆ ಹಾಕಿ. ಒಂದು ಪ್ರತಿಗೆ ಕವರ್ ಸೇರಿ 60 ರೂಪಾಯಿ ಬಿತ್ತು ಅಂದುಕೊಳ್ಳಿ, 50ಕ್ಕೆ 3000. 150ಕ್ಕೆ ಮಾರಿದರೆ 20 ಪ್ರತಿಗೆ ಅಸಲು ಬಂತು. ಒಂದೇ ಸಂಜೆಯಲ್ಲಿ 20 ಪ್ರತಿ ಮಾರಲು ನಿಮ್ಮ ತಂಡಕ್ಕೆ ಆಗುತ್ತದಾ? ಆಗುತ್ತದೆ ಅನ್ನಿಸಿದರೆ ಮಾಡಿಸಿ. ಇಲ್ಲ ಅನ್ನಿಸಿದರೆ 25 ಮಾಡಿಸಿ.

ಟೇಬಲ್ ಹಾಕುವುದು

ಹಾಡು ಮುಗಿದ ಹತ್ತು ನಿಮಿಷದಲ್ಲಿ ಮಾರಾಟ ಆಗುತ್ತದೆ, ಆಮೇಲೆ ಜನ ಮಂಡಕ್ಕಿ ಮಿರ್ಚಿ ಕಡೆ ಹೋಗಿಬಿಡುತ್ತಾರೆ. ಟೇಬಲ್ ಹೊರಹೋಗುವ ದಾರಿಯಲ್ಲಿರಲಿ. ತಂಡದಲ್ಲಿ ಹಾಡದ ಒಬ್ಬರು ಮೊದಲೇ ಅಲ್ಲಿ ಕೂತಿರಲಿ. ಯುಪಿಐ ಕೋಡ್ ದೊಡ್ಡದಾಗಿ, ಕಾಣುವ ಹಾಗೆ ಇಡಿ. ಜಾತ್ರೆಯ ಲೆಕ್ಕ ಬೇರೆ. ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ, ನಾಯಕನಹಟ್ಟಿಯ ತೇರು ಫಾಲ್ಗುಣದಲ್ಲಿ. ಅಲ್ಲಿ ಜಾಗಕ್ಕೆ ಮೊದಲೇ ಕೇಳಬೇಕು, ಮತ್ತು ಅಲ್ಲಿ ಕೊಳ್ಳುವವರು ನಿಮ್ಮ ಹಾಡು ಮೊದಲು ಕೇಳಿದವರಲ್ಲ. ಹಾಗಾಗಿ ಒಂದು ಸಣ್ಣ ಸ್ಪೀಕರಿನಲ್ಲಿ ಹಾಡು ಹಾಕಿಕೊಂಡೇ ಕೂರಬೇಕು.

ಕೊಂಡವರ ಹೆಸರು, ಫೋನ್ ನಂಬರ್, ಯಾವುದರಲ್ಲಿ ಕೇಳುತ್ತಾರೆ ಅನ್ನುವುದು, ಮೂರನ್ನೂ ಅದೇ ನೋಟ್‌ಬುಕ್ಕಿನಲ್ಲಿ ಅವರ ಕೈಯಲ್ಲೇ ಬರೆಸಿ. ಕಳೆದ ಸಲ ನಮ್ಮ ಪುಟದಲ್ಲಿ 41 ಹೆಸರಿತ್ತು: 26 ಪೆನ್‌ಡ್ರೈವ್, 9 ಕ್ಯೂಆರ್ ಕಾರ್ಡ್, 6 ಸಿಡಿ. ಮುಂದಿನ ಆಲ್ಬಂಗೆ ಸಿಡಿ 15 ಸಾಕು ಅಂತ ಬರೆದಿಟ್ಟಿದ್ದೇವೆ. ಆ 6 ಜನರಲ್ಲಿ ಒಬ್ಬರು, ಹೊಳಲ್ಕೆರೆ ಕಡೆಯ ನಿವೃತ್ತ ಮೇಷ್ಟ್ರು, ಹೆಸರಿನ ಪಕ್ಕದಲ್ಲಿ ಸಣ್ಣದಾಗಿ ಬರೆದಿದ್ದಾರೆ: 'ಸಾಹಿತ್ಯದ ಅಕ್ಷರ ಇನ್ನೂ ಸ್ವಲ್ಪ ದಪ್ಪ ಇರಲಿ.'